ಅಕ್ಕೋರ ಇಂಗ್ಲಿಷ್ ಕತೆಗಳು

ಇಂಗ್ಲಿಷ್ ಪಾಠ ಮಾಡುವವರಿಗೆ ಪೇಚಿನ ಪ್ರಸಂಗಗಳಿಗೆ ಬರವಿಲ್ಲ. ಪಾಠ ಮಾಡುವವಳು ನನ್ನಂಥ ಪುಕ್ಕಲಿಯಾದರಂತೂ ಅವು ಬಸ್ಸು ಹತ್ತಿಕೊಂಡಾದರೂ ಬಂದು ಸೇರುತ್ತವೆ. ತೊಂಬತ್ತರ ದಶಕದಲ್ಲಿ ಶಿರಸಿಗೂ ಸಿದ್ದಾಪುರಕ್ಕೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಅಕ್ಕೋರಾಗಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಮಕ್ಕಳಿಗೆ ಅಕ್ಕೋರೇ. ಅಲ್ಲಿನ ಒಂದು ವರ್ಷವನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ, ಆಮೇಲೆ ನಗು ಬರುತ್ತದೆ.

ನಾನು ಗಣಿತದವಳು

ನಾನು ಓದಿದ್ದು ಗಣಿತ, ಕೆಲಸ ಸಿಕ್ಕಿದ್ದೂ ಗಣಿತಕ್ಕೆ. ಸೇರಿ ವರ್ಷವಾಗುವಷ್ಟರಲ್ಲಿ ಇಂಗ್ಲಿಷ್ ಮಾಸ್ತರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಹೊಸಬರು ಬರಲಿಲ್ಲ. ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದರು. ವಯಸ್ಸಾದವರು, ನಮ್ಮ ಪೈಕಿಯವರೇ, ಹಾಗಾಗಿ ನನ್ನ ಹತ್ತಿರ ಮನೆ ಮಾತಿನಲ್ಲೇ ಮಾತಾಡುತ್ತಿದ್ದರು.

"ತಂಗೀ, ನಿನ್ನ ಅಕ್ಷರ ಚೊಲೋ ಇದ್ದು. ಇಂಗ್ಲಿಷು ನೀನೇ ತಗ."

"ಸರ್, ಆನು ಗಣಿತದವಳು. ಎಂಗೆ ಇಂಗ್ಲಿಷು ಬತ್ತಿಲ್ಲೆ."

"ಗಣಿತದಲ್ಲೂ ಎಕ್ಸು, ವೈ, ಝಡ್ ಇರ್ತು. ಉಳಿದ ಇಪ್ಪತ್ಮೂರು ಅಕ್ಷರ ಕಲ್ತ್ಕಂಡ್ರೆ ಆತು."

ಪರಿವೀಕ್ಷಕರ ಮಾತು

ಜುಲೈ ತಿಂಗಳಲ್ಲಿ ವಿಷಯ ಪರಿವೀಕ್ಷಕರು ಬಂದರು. ಹಾವೇರಿ ಕಡೆಯವರು, ಎತ್ತರದ ಆಳು, ಮಾತು ಕಡಿಮೆ. ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಇಂಗ್ಲಿಷ್ ಪಾಠ ಕೇಳಿದರು. ಎಸ್ಕಿಮೋ ಜನರ ಮೇಲೊಂದು ಗದ್ಯಭಾಗವಿತ್ತು. ಮಕ್ಕಳು ಗಟ್ಟಿಯಾಗಿ, ಚೆನ್ನಾಗಿಯೇ ಓದಿದರು. ಅದರ ಕೆಳಗಿನ ಪ್ರಶ್ನೆ ಕೇಳಿದಾಗ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಉತ್ತರ ಏನೆಂದು ನನಗೂ ಖಾತ್ರಿ ಇರಲಿಲ್ಲ, ಅದು ಬೇರೆ ವಿಷಯ.

ಹೊರಡುವಾಗ ಪರಿವೀಕ್ಷಕರು ಹೇಳಿದರು: "ಅಕ್ಕೋರ, ಹುಡುಗ್ರು ಓದ್ತಾವ, ತಿಳೀವಲ್ದು. ಫೆಬ್ರುವರಿದಾಗ ಮತ್ತ ಬರ್ತೀನಿ. ಆವಾಗೂ ಹಿಂಗ ಇತ್ತಂದ್ರ ನಿಮ್ಮ ನೌಕರಿ ಖಾಯಂ ಮಾಡ್ರಿ ಅಂತ ನಾ ಬರಿಯೂದಿಲ್ಲ ನೋಡ್ರಿ."

ಆ ರಾತ್ರಿಯಿಂದ ನನ್ನ ನಿದ್ದೆ ಹೋಯಿತು. ಕೆಲಸ ಖಾಯಂ ಆಗದಿದ್ದರೆ ಮನೆಯಲ್ಲಿ ನನ್ನ ಜಾತಕ ಹೊರಗೆ ಬರುತ್ತದೆ ಎಂದು ಗೊತ್ತಿತ್ತು. ಅಪ್ಪ ಅದನ್ನು ಆಗಲೇ ಎರಡು ಸಲ ಧೂಳು ಒರೆಸಿ ಇಟ್ಟಿದ್ದರು. ನನಗೆ ಪಾಠ ಮಾಡುವುದು ಇಷ್ಟವಿತ್ತು. ಗಣಿತವಾದರೂ ಸರಿ, ಎಸ್ಕಿಮೋ ಆದರೂ ಸರಿ, ಆ ಕೆಲಸ ನನಗೆ ಬೇಕಿತ್ತು.

ಅಷ್ಟರಲ್ಲಿ ಶಿರಸಿಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಮೂರು ದಿನದ ತರಬೇತಿಯಾಯಿತು. ತರಬೇತಿ ಕೊಡಲು ಬಂದವರು ಒಂದು ಉಪಾಯ ಹೇಳಿಕೊಟ್ಟರು. ಪುಸ್ತಕದ ಗದ್ಯ ಬಿಡಿ, ನಿಮ್ಮ ಊರಿನಲ್ಲೇ ನಡೆದ ನಿಜವಾದ, ನಗು ಬರುವಂಥ ಸಣ್ಣ ಕತೆಗಳನ್ನು ಸುಲಭ ಇಂಗ್ಲಿಷಿನಲ್ಲಿ ಬರೆಯಿರಿ, ಕೆಳಗೆ ನಾಲ್ಕು ಪ್ರಶ್ನೆ ಹಾಕಿ, ಮಕ್ಕಳ ಹೆದರಿಕೆ ತಾನೇ ಹೋಗುತ್ತದೆ ಎಂದರು. ಅಕ್ಕೋರ ಹೆದರಿಕೆ ಹೋಗಲು ಏನು ಮಾಡಬೇಕೆಂದು ಕೇಳೋಣ ಅಂದುಕೊಂಡೆ. ಹೆದರಿಕೆಯಾಗಿ ಕೇಳಲಿಲ್ಲ.

ಛತ್ರಿ

ಮೊದಲ ಕತೆ ನನಗೆ ಸಿಕ್ಕಿದ್ದು ಬಸ್‌ಸ್ಟಾಪಿನ ಚಾದಂಗಡಿಯಲ್ಲಿ. ಊರಿನ ಒಬ್ಬರು ಸಿದ್ದಾಪುರದಿಂದ ಬರುವಾಗ ಬಸ್ಸಿನಲ್ಲಿ ಛತ್ರಿ ಮರೆತು, ಇಳಿದ ಮೇಲೆ ನೆನಪಾಗಿ, ಬಸ್ಸಿನ ಹಿಂದೆ ಅರ್ಧ ಮೈಲಿ ಓಡಿ, ಅದನ್ನು ನಿಲ್ಲಿಸಿ, ಛತ್ರಿ ಹಿಡಿದುಕೊಂಡು ಗೆದ್ದವರಂತೆ ವಾಪಸು ಬಂದಿದ್ದರು. ಹೆಸರು ಹಾಕದೆ 'ಒಬ್ಬ ಮನುಷ್ಯ' ಎಂದು ಬರೆದು, ಸೈಕ್ಲೋಸ್ಟೈಲ್ ಮಾಡಿಸಿ ಮಕ್ಕಳಿಗೆ ಹಂಚಿದೆ. ಕೊನೆಯ ಪ್ರಶ್ನೆ ತೀರ ಸುಲಭದ್ದು: ಆ ಮನುಷ್ಯನಿಗೆ ಅವನ ಛತ್ರಿ ಸಿಕ್ಕಿತೆ?

ಇಡೀ ತರಗತಿ 'ನೋ' ಎಂದು ಬರೆದಿತ್ತು.

ಎರಡು ಸಲ ಓದಿಸಿದ್ದೇನೆ, ಛತ್ರಿ ಸಿಕ್ಕಿತು ಎಂದು ಅಷ್ಟು ದೊಡ್ಡದಾಗಿ ಬರೆದಿದ್ದೇನೆ, ಒಬ್ಬರಿಗೂ ಅರ್ಥವಾಗಿಲ್ಲವಲ್ಲ! ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ ಕೇಳಿದೆ.

"ಸಿಕ್ಕಿದ್ದು ಅವರ ಛತ್ರಿ ಅಲ್ಲ ಅಕ್ಕೋರೆ. ಅದು ನಮ್ಮಪ್ಪಂದು. ಅಪ್ಪನೂ ಅದೇ ಬಸ್ಸಲ್ಲಿ ಮರೆತು ಇಳಿದಿದ್ದ. ಹಿಡಿಕೆ ಮೇಲೆ ಹೆಸರು ಅದೆ," ಎಂದಳು. ಉಳಿದವರೆಲ್ಲ ತಲೆ ಆಡಿಸಿದರು. ನನಗೊಬ್ಬಳಿಗೆ ಬಿಟ್ಟು ಇಡೀ ಊರಿಗೆ ವಿಷಯ ಗೊತ್ತಿತ್ತು.

ಮರುದಿನ ಅವಳ ಅಪ್ಪ ನನ್ನ ಕತೆಯ ಹಾಳೆಯನ್ನೇ ಹಿಡಿದುಕೊಂಡು ಶಾಲೆಗೆ ಬಂದರು. "ಅಕ್ಕೋರೆ, ಛತ್ರಿ ಅವರೇ ಒಯ್ದದ್ದು ಅಂತ ನೀವೇ ಬರೆದುಕೊಟ್ಟೀರಿ. ಇಂಗ್ಲಿಷಿನಲ್ಲಿ ಬೇರೆ ಅದೆ. ಇನ್ನು ಅವರು ಇಲ್ಲ ಅನ್ನೂಕೆ ಬರೂದಿಲ್ಲ." ನನಗೆ ಕೋರ್ಟು, ಕಟಕಟೆ ಎಲ್ಲ ಕಣ್ಣ ಮುಂದೆ ಬಂತು. ಕೆಲಸ ಖಾಯಂ ಆಗುವ ಮೊದಲೇ ಸಾಕ್ಷಿ ಹೇಳಲು ಹೋಗಬೇಕಾಯಿತೇ ಎಂದು ನೀರು ಕುಡಿದೆ.

ಹೆಡ್‌ಮಾಸ್ತರರು ಬಸ್ಸಿನ ಹಿಂದೆ ಓಡಿದವರನ್ನು ಕರೆಸಿದರು. ಅವರು ಛತ್ರಿ ತಂದರು, ಹಿಡಿಕೆಯ ಮೇಲಿನ ಹೆಸರು ನೋಡಿದರು, ಹುಡುಗಿಯ ಅಪ್ಪನಿಗೆ ಕೊಟ್ಟರು. ಸದ್ಯ ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಕ್ಕೋರೆ, ಇವರದ್ದು ಬರೆದ್ರಿ, ಇವರಿಗೆ ಸಿಕ್ತು. ಈಗ ನನ್ನ ಛತ್ರಿ ಎಲ್ಲಿ ಹೋಯ್ತು ಅಂತ ಒಂದು ಕತೆ ಬರೀರಿ."

ಕೂತು ಬಂದ ಟವೆಲ್ಲು

ಅಂದಿನಿಂದ ಊರಿನ ಕತೆ ಬೇಡ, ದೂರದ್ದು ಬರೆಯೋಣ ಎಂದು ನಿಶ್ಚಯಿಸಿದೆ. ದಿನಾ ಬೆಳಿಗ್ಗೆ ಶಿರಸಿಯಿಂದ ನಾನು ಹತ್ತುವ ಬಸ್ಸಿನ ಕಂಡಕ್ಟರು ಯಲ್ಲಾಪುರದ ಸಾಬರು, ನಗುಮುಖದ ಮನುಷ್ಯ. ನನ್ನ ಹಾಳೆಗಳ ಸುದ್ದಿ ಅವರಿಗೂ ಮುಟ್ಟಿತ್ತು.

"ಮೇಡಂ, ನಮ್ದೂ ಒಂದು ಹಾಕಿ. ನಾ ಯಲ್ಲಾಪುರ ಲೈನಿನಲ್ಲಿದ್ದಾಗ ಆದದ್ದು. ಖರೇ ಕತೆ," ಎಂದು ಟಿಕೆಟ್ ಹರಿಯುತ್ತಲೇ ಹೇಳಿದರು.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದು, ಬಾಳೆಹಣ್ಣು ತರಲು ಹೋದರಂತೆ. ಬಂದವರು ಗಡಿಬಿಡಿಯಲ್ಲಿ ಪಕ್ಕದ ಬಸ್ಸು ಹತ್ತಿಬಿಟ್ಟರು. ಅವರು ದಾಸನಕೊಪ್ಪದ ಕಡೆ ಹೋದರು, ಟವೆಲ್ಲು ಯಲ್ಲಾಪುರದ ಕಡೆ ಹೊರಟಿತು. ಬಸ್ಸು ಕಿಕ್ಕಿರಿದಿತ್ತು. ಆದರೂ ಯಲ್ಲಾಪುರ ಮುಟ್ಟುವವರೆಗೆ ಆ ಸೀಟಿನಲ್ಲಿ ಒಬ್ಬರೂ ಕೂರಲಿಲ್ಲ. "ಅಷ್ಟೂ ಜನ ನಿಂತು ಬಂದ್ರು ಮೇಡಂ, ಟವೆಲ್ ಒಂದೇ ಕೂತು ಬಂತು."

ಸಂತೋಷದಿಂದ ಬರೆದೆ. ಪ್ರಶ್ನೆ: ಆ ಸೀಟಿನಲ್ಲಿ ಯಾರೂ ಏಕೆ ಕೂರಲಿಲ್ಲ? ಸೀಟಿನ ಮೇಲೆ ಟವೆಲ್ಲು ಇತ್ತು, ಯಜಮಾನ ಬರಬಹುದು ಎಂದು ಜನ ತಿಳಿದರು ಎಂಬ ಉತ್ತರ ನನಗೆ ಬೇಕಿತ್ತು. ಮಕ್ಕಳು ಬರೆದಿದ್ದೇ ಬೇರೆ: 'ಸೀಟು ಖಾಲಿ ಇರಲಿಲ್ಲ.'

ತಲೆ ಬಿಸಿಯಾಯಿತು. ಫೆಬ್ರುವರಿಗೆ ಮೂರೇ ತಿಂಗಳಿತ್ತು. "ಖಾಲಿ ಇತ್ತು ಮಕ್ಕಳೇ, ಅದೇ ಅಲ್ಲವೇ ಕತೆ? ಯಾರೂ ಕೂತಿರಲಿಲ್ಲ!" ಎಂದು ಕೂಗಾಡಿದೆ. ಮಕ್ಕಳು ನನ್ನನ್ನು ಪಾಪ ಎಂಬಂತೆ ನೋಡಿದರು. "ಟವೆಲ್ ಹಾಕಿತ್ತಲ್ಲ ಅಕ್ಕೋರೆ," ಎಂದರು. ಸಿಟ್ಟಿನಿಂದ ಎಲ್ಲರಿಗೂ ಸೊನ್ನೆ ಹಾಕಿ ಹೊರಬಂದೆ.

ಆ ಸಂಜೆ ಬಸ್ಸು ಹತ್ತಿದರೆ ಒಂದೇ ಒಂದು ಸೀಟಿನಲ್ಲಿ ಯಾರೂ ಇಲ್ಲ, ಕೆಂಪು ಅಂಚಿನ ಟವೆಲ್ಲೊಂದು ಇದೆ. ಶಿರಸಿಯವರೆಗೂ ಅದರ ಪಕ್ಕ ಕಂಬಿ ಹಿಡಿದು ನಿಂತೇ ಬಂದೆ. ಮರುದಿನ ಮಕ್ಕಳಿಗೆಲ್ಲ ಪೂರ್ತಿ ಅಂಕ ಕೊಟ್ಟೆ.

ಉಪ್ಪಿನಕಾಯಿಯ ಭೂತಕಾಲ

ವ್ಯಾಕರಣವೂ ಆಗಬೇಕಲ್ಲ. ಭೂತಕಾಲದ ಅಭ್ಯಾಸಕ್ಕೆಂದು 'ನಿನ್ನೆ ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ' ಎಂದೆ. ಎರಡು ದಿನ ಕಳೆದು ಒಬ್ಬ ಹುಡುಗಿಯ ತಾಯಿ ಏದುಸಿರು ಬಿಡುತ್ತ ಬಂದರು.

"ಅಕ್ಕೋರೆ, ಕೂಸು ಇಂಗ್ಲಿಷಲ್ಲಿ ಮನೆ ಸುದ್ದಿ ಬರದ್ದಡ. ಎಂಗೆ ಓದುಲೆ ಬತ್ತಿಲ್ಲೆ. ಎಂತ ಬರದ್ದು ಹೇಳಿ."

ನೋಟ್‌ಬುಕ್ಕು ತೆರೆದೆ. ನಿನ್ನೆ ಅತ್ತೆ ಬಂದರು. ಆಯಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ನಿಂಬೆ ಉಪ್ಪಿನಕಾಯಿ ಬಡಿಸಿದಳು. ಅತ್ತೆ ಅಪ್ಪೆಮಿಡಿ ಕೇಳಿದರು. ಆಯಿ ಖಾಲಿಯಾಯಿತು ಎಂದಳು. ಐದು ವಾಕ್ಯ, ಒಂದೂ ತಪ್ಪಿಲ್ಲ. ಇಷ್ಟು ಚೆಂದದ ಭೂತಕಾಲವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಆದರೂ ಹೇಳಿದೆ. "ಅತ್ತೆ ಬಂತು, ಊಟಕ್ಕೆ ಬಡಿಸ್ದ್ಯ, ಊಟ ರುಚಿ ಇತ್ತು ಹೇಳಿ ಬರದ್ದು ಅಷ್ಟೇಯ."

"ಭರಣಿ ಸುದ್ದಿ ಇಲ್ಲೆ ಅಲ್ದಾ?"

"ಎಂತ ಭರಣಿ?" ಎಂದೆ.

ತಾಯಿ ಹಗುರಾಗಿ ಹೋದರು. ನಾನು ಬೆವರು ಒರೆಸಿಕೊಂಡು ಆ ಪುಟವನ್ನು ಮತ್ತೊಮ್ಮೆ ನೋಡಿದೆ. ನಮ್ಮ ತರಗತಿಯಲ್ಲಿ ಮಕ್ಕಳು ಪುಸ್ತಕ ಅದಲುಬದಲು ಮಾಡಿಕೊಂಡು ಒಬ್ಬರದನ್ನು ಒಬ್ಬರು ತಿದ್ದುವ ಪದ್ಧತಿಯಿತ್ತು. ಆ ಪುಟವನ್ನು ತಿದ್ದಿ, ಕೆಳಗೆ 'ವೆರಿ ಗುಡ್' ಎಂದು ಬರೆದು ಸಹಿ ಹಾಕಿದ್ದವಳು ಅದೇ ಅತ್ತೆಯ ಮಗಳು.

ನೀರು ಕೇಳಿದವನು

ಫೆಬ್ರುವರಿ ಬಂತು, ಪರಿವೀಕ್ಷಕರೂ ಬಂದರು. ಬೆಳಿಗ್ಗೆ ಹತ್ತಕ್ಕೇ ಬಂದರು. ಆ ದಿನವೇ ಹೆಡ್‌ಮಾಸ್ತರರು ಮೀಟಿಂಗಿಗೆಂದು ಶಿರಸಿಗೆ ಹೋಗಿದ್ದರು, ಜವಾನನೂ ರಜೆ. ಪರಿವೀಕ್ಷಕರು ನನ್ನ ಪಾಠಯೋಜನೆ, ಅಂಕಪಟ್ಟಿ, ಕತೆಯ ಹಾಳೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಎರಡೂವರೆ ತಾಸು ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

"ನಿಮ್ಮ ಊರಿನ ಕತಿ ಹುಡುಗ್ರಿಗೆ ಬಾಯಿಪಾಠ ಇರ್ತಾವ. ನಂದೊಂದು ಕೊಡ್ತೀನಿ," ಎಂದು ತರಗತಿಗೆ ಹೋಗಿ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದರು. ಬಿಸಿಲಿನ ಒಂದು ಮಧ್ಯಾಹ್ನ ದಾರಿಹೋಕನೊಬ್ಬ ಒಂದು ಮನೆಗೆ ಬಂದ. ಅವನಿಗೆ ದಣಿವಾಗಿತ್ತು. ಮನೆಯೊಡತಿಯ ಹತ್ತಿರ ನೀರು ಕೇಳಿದ. ಅವಳು ನೀರು ಕೊಟ್ಟಳು. ಅವನು ಉಪಕಾರ ಹೇಳಿ ಹೊರಟುಹೋದ. ಕೆಳಗೆ ಎರಡೇ ಪ್ರಶ್ನೆ. ಮನೆಯೊಡತಿ ಏನು ಕೊಟ್ಟಳು? ದಾರಿಹೋಕ ಆಮೇಲೆ ಏನು ಮಾಡಿದ?

ಇಷ್ಟು ಸುಲಭವೇ ಎಂದು ನನಗೆ ಹೋದ ಜೀವ ಬಂದಂತಾಯಿತು. ಮಕ್ಕಳು ಬರೆದರು. ಪರಿವೀಕ್ಷಕರು ಹಾಳೆಗಳನ್ನು ತೆಗೆದುಕೊಂಡು ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಏನ್ರಿ ಅಕ್ಕೋರ ಇದು? ಒಬ್ಬಾಕಿ ನೀರು, ಬೆಲ್ಲ ಅಂತ ಬರದಾಳ. ಒಬ್ಬಂವ ಮಜ್ಜಿಗಿ ಕೊಟ್ಟಾನ. ಇಲ್ಲಿ ಅನ್ನ, ತಂಬುಳಿ, ಹಲಸಿನ ಹಪ್ಪಳ! ನಾ ಬರದದ್ದರಾಗ ಹಪ್ಪಳ ಎಲ್ಲೈತಿ? ಆಮ್ಯಾಲ ಏನು ಮಾಡಿದ ಅಂದ್ರ, ಈಕಿ ನೋಡ್ರಿ, ಅಂವ ಹೋಗಲಿಲ್ಲ, ಉಂಡು ಜಗಲಿ ಮ್ಯಾಲ ಮಲಗಿದ ಅಂತ ಬರದಾಳ!"

ನನ್ನ ನೌಕರಿ ಹಲಸಿನ ಹಪ್ಪಳದ ಜೊತೆ ಹೋಯಿತು ಎಂದೇ ತಿಳಿದೆ. ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ, ದಾರಿಹೋಕನನ್ನು ಮಲಗಿಸಿದ ಹುಡುಗಿ ತಾನಾಗಿಯೇ ಎದ್ದು ನಿಂತಳು.

"ಸರ್, ಊಟದ ಸುದ್ದಿ ಬರೆಯೂಕೆ ನೀವು ಮರೆತೀರಿ ಅಂತ ತಿಳ್ಕಂಡ್ವಿ."

"ಮರತಿಲ್ಲವಾ. ಆಕಿ ಬರೇ ನೀರು ಕೊಟ್ಟಾಳ."

"ಹಾಂಗೆ ಯಾರೂ ಮಾಡೂದಿಲ್ಲ ಸರ್," ಎಂದಳು ಹುಡುಗಿ, ದೊಡ್ಡವರಿಗೆ ತಿಳಿಹೇಳುವ ದನಿಯಲ್ಲಿ. "ಬಂದವರಿಗೆ ಮೊದಲು ಆಸರಿಗೆ ಕುಡಿಯೂಕೆ ಎಂತ ಬೇಕು ಕೇಳ್ತಾರೆ. ಮಧ್ಯಾಹ್ನ ಆದ್ರೆ ಊಟ ಹಾಕ್ತಾರೆ. ಬರೀ ನೀರು ಕುಡಿಸಿ ಬಿಸಿಲಲ್ಲಿ ಯಾರನ್ನೂ ಕಳಿಸೂದಿಲ್ಲ."

ಪರಿವೀಕ್ಷಕರು ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. ನಿಧಾನಕ್ಕೆ ಕನ್ನಡಕ ತೆಗೆದರು.

"ಹೌದೇನು? ಹಂಗಾರ ಒಂದು ಮಾತು ಕೇಳ್ತೀನಿ. ನಾ ಮುಂಜಾನಿ ಹತ್ತಕ್ಕ ನಿಮ್ಮ ಸಾಲಿಗೆ ಬಂದೀನಿ. ಈಗ ಒಂದಾತು. ನಿಮ್ಮ ಅಕ್ಕೋರು ನನಗ ನೀರು ಸೈತ ಕೇಳಿಲ್ಲಲ್ಲ?"

ಇಡೀ ತರಗತಿ ಒಮ್ಮೆಗೇ ನನ್ನ ಕಡೆ ತಿರುಗಿತು. ಪರಿವೀಕ್ಷಕರ ಸಿಟ್ಟನ್ನಾದರೂ ತಾಳಬಹುದಿತ್ತು, ಆ ಮಕ್ಕಳ ಮುಖ ನೋಡಲಾಗಲಿಲ್ಲ. ಹುಟ್ಟಿದಾಗಿನಿಂದ ಮನೆಗೆ ಬಂದವರಿಗೆ ನೀರಿನ ಚೊಂಬು ಹಿಡಿದವಳು ನಾನು. ಹೆದರಿಕೆಯಲ್ಲಿ ಎಲ್ಲವನ್ನೂ ಮರೆತಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ನೀರಿಗೆಂದು ಓಡಿ ಬರುವಷ್ಟರಲ್ಲಿ ಮಕ್ಕಳು ತಮ್ಮ ಊಟದ ಡಬ್ಬಿಗಳನ್ನು ತೆರೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ದೋಸೆ, ಬೆಲ್ಲ, ಮಜ್ಜಿಗೆ ಅನ್ನ, ಹಪ್ಪಳ. ಪರಿವೀಕ್ಷಕರು ಅಂಗಿಯ ತೋಳು ಮಡಚಿ ಕೂತಿದ್ದರು. ಬೇಡ ಎಂದರೂ ಮಕ್ಕಳು ಕೇಳಲಿಲ್ಲ, ಎರಡೆರಡು ಸಲ ಬಡಿಸಿದರು. ಉಂಡಾದ ಮೇಲೆ ಅವರು ಅಲ್ಲೇ ಗೋಡೆಗೊರಗಿ ಹತ್ತು ನಿಮಿಷ ಕಣ್ಣು ಮುಚ್ಚಿದರು.

ಎದ್ದವರು ವರದಿ ಪುಸ್ತಕ ಕೇಳಿ, ನಾಲ್ಕು ಸಾಲು ಬರೆದು, ಬಸ್ಸಿಗೆ ಹೊರಟುಹೋದರು. ಅವರು ಗೇಟು ದಾಟುವವರೆಗೆ ಕಾದು, ಪುಸ್ತಕ ತೆರೆದೆ.

'ಬರೆದದ್ದನ್ನು ಮಕ್ಕಳು ಓದಿ ಅರ್ಥಮಾಡಿಕೊಳ್ಳುತ್ತಾರೆ, ಬರೆಯದೆ ಬಿಟ್ಟದ್ದನ್ನೂ ಅರ್ಥಮಾಡಿಕೊಳ್ಳುತ್ತಾರೆ. ಶಿಕ್ಷಕಿಯವರ ನೇಮಕವನ್ನು ಖಾಯಂ ಮಾಡಬಹುದು. ಬಂದವರಿಗೆ ನೀರು ಕೇಳುವ ವಿಷಯದಲ್ಲಿ ಮಾತ್ರ ಸದರಿ ಶಿಕ್ಷಕಿಯವರು ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಂದ ಕೂಡಲೇ ಪಾಠ ಹೇಳಿಸಿಕೊಳ್ಳತಕ್ಕದ್ದು.'