ಟೊಮೆಟೊ ಲಾರಿ ಹತ್ತಿದ ಪಾರಿವಾಳಗಳು

ಲಾರಿ ಓಡಿಸೋನ ಬದುಕಿನಲ್ಲಿ ಟೈರ್ ಪಂಕ್ಚರ್ ಆಗೋದು, ದಾರಿ ತಪ್ಪೋದು ಇದ್ದದ್ದೇ. ಆದರೆ ಬೆನ್ನ ಹಿಂದೆ ಟೊಮೆಟೊ, ನೆತ್ತಿಯ ಮೇಲೆ ಪಾರಿವಾಳ ಇಟ್ಟುಕೊಂಡು ಓಡಿಸೋನಿಗೆ ಆಗುವ ಅನುಭವಗಳೇ ಬೇರೆ. ಒಂದು ಮರೆಯೋ ಹೊತ್ತಿಗೆ ಇನ್ನೊಂದು ಆಗಿರುತ್ತೆ.

ನಾನು ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ತುಂಬಿಕೊಂಡು ನಾಗಪುರದ ಕಡೆ ಹೋಗುವ ಡ್ರೈವರ್. ಊರು ಮುಳಬಾಗಿಲು ತಾಲ್ಲೂಕು, ಆವನಿ ಪಕ್ಕ. ನಾಲ್ಕೈದು ವರ್ಷದಿಂದ, ಪಂದ್ಯದ ಸೀಸನ್ ಬಂತೆಂದರೆ ನಮ್ಮ ಕಡೆಯ ಪಾರಿವಾಳ ಕ್ಲಬ್ಬಿನವರ ಬುಟ್ಟಿಗಳೂ ನನ್ನ ಲಾರಿ ಹತ್ತುತ್ತವೆ. ಕ್ಯಾಬಿನ್ ಮೇಲಿನ ಕ್ಯಾರಿಯರ್‌ನಲ್ಲಿ ಗಾಳಿಯಾಡುವ ಹಾಗೆ ಕಟ್ಟಿಕೊಂಡು ಹೋಗಿ, ಅನಂತಪುರದ ಹತ್ತಿರವೋ ಕರ್ನೂಲಿನ ಹತ್ತಿರವೋ ಬೆಳಿಗ್ಗೆ ನೀರು ಕುಡಿಸಿ, ಬಾಗಿಲು ತೆಗೆದುಬಿಡೋದು ನನ್ನ ಕೆಲಸ. ಹಾರಿ ಮನೆ ಸೇರೋದು ಅವುಗಳ ಕೆಲಸ. ಎರಡರಲ್ಲಿ ಯಾವುದು ಕಷ್ಟ ಅನ್ನೋದನ್ನ ನೀವೇ ಹೇಳಿ.

ಎಲ್ಲರೂ ಗೆಲ್ಲುವ ಮಂತ್ರ

ನಮ್ಮ ಕ್ಲಬ್ಬಿನ ಸೆಕ್ರೆಟರಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಒಬ್ಬೊಬ್ಬರ ಮನೆ ಒಂದೊಂದು ದೂರದಲ್ಲಿರುವುದರಿಂದ, ಯಾರ ಹಕ್ಕಿ ಎಷ್ಟು ವೇಗದಲ್ಲಿ ಬಂತು ಅಂತ ಭಾಗಿಸಿ ಗುಣಿಸಿ ಹೇಳಬೇಕು. ಅದಕ್ಕೆ ಅವರೇ ಸರಿ. ಮೊದಲನೇ ಸಲ ಬುಟ್ಟಿ ತುಂಬಿಸಿಕೊಳ್ಳೋಕೆ ಅವರ ಮನೆಗೆ ಹೋದಾಗ ಅಂಗಳದಲ್ಲಿ ಪಾಠ ನಡೀತಿತ್ತು.

"ಗೆಲುವು ರೆಕ್ಕೇಲಿಲ್ಲ, ಮನಸ್ಸಿನಲ್ಲಿದೆ. ಅಳತೆ ಮಾಡಿ ಕಾಳು ಹಾಕಿ, ಹೊತ್ತಿಗೆ ಸರಿಯಾಗಿ ಹಾರಿಸಿ, ಗೂಡಿನ ಹತ್ತಿರ ನಿಂತು ಜಗಳ ಆಡಬೇಡಿ. ಗೆಲ್ತೀನಿ ಅನ್ನೋ ಧೈರ್ಯ ಹಕ್ಕಿಗೆ ಬರಬೇಕು."

ಪಾಠ ಮುಗಿದ ಮೇಲೆ ಮಾಲೂರಿನ ಇಟ್ಟಿಗೆ ಫ್ಯಾಕ್ಟರಿ ಯಜಮಾನರು ನನ್ನನ್ನ ಪಕ್ಕಕ್ಕೆ ಕರೆದರು. "ಬಿಡೋಕೆ ಮುಂಚೆ ನನ್ನ ನೀಲಿ ಗಂಡು ಹಕ್ಕಿಯ ಕಿವೀಲಿ 'ನೀನೇ ಗೆಲ್ಲೋದು' ಅಂತ ಮೂರು ಸಲ ಹೇಳಪ್ಪ." ಆಯ್ತು ಸಾರ್ ಅಂದೆ. ಅವರು ಆ ಕಡೆ ಹೋದರು, ಬೈರಕೂರಿನ ರೈತರೊಬ್ಬರು ಬಂದರು. ಅವರದೂ ಅದೇ ಮಾತು. "ನಮ್ಮದಕ್ಕೆ ತೆಲುಗಲ್ಲಿ ಹೇಳು, ಕನ್ನಡ ಅಷ್ಟು ಅಭ್ಯಾಸ ಇಲ್ಲ" ಅಂದರು. ಹಾಗೇ ಒಬ್ಬೊಬ್ಬರಾಗಿ ಹನ್ನೊಂದು ಜನ ಬಂದರು.

ಬೆಳಿಗ್ಗೆ ಹೆದ್ದಾರಿ ಪಕ್ಕ ನಿಂತು, ಮಾತು ಕೊಟ್ಟಿದ್ದೀನಲ್ಲ ಅಂತ ಹನ್ನೊಂದಕ್ಕೂ ಹೇಳಿದೆ. ಬೈರಕೂರಿನದಕ್ಕೆ "ನುವ್ವೇ ಗೆಲಿಚೇದಿ" ಅಂದೆ. ಆದರೆ ಮನಸ್ಸಿಗೆ ಕಸಿವಿಸಿ. ವಾಪಸ್ ಬಂದು ಮೇಷ್ಟ್ರನ್ನ ಕೇಳಿದೆ, "ಸಾರ್, ಎಲ್ಲಕ್ಕೂ ನೀನೇ ಗೆಲ್ಲೋದು ಅಂತ ಹೇಳಿಬಿಟ್ಟೆ. ಸುಳ್ಳು ಹೇಳಿದ ಹಾಗಾಗಲಿಲ್ವಾ?"

ಮೇಷ್ಟ್ರು ಕನ್ನಡಕ ಒರೆಸುತ್ತಾ ಹೇಳಿದರು, "ಹತ್ತನೇ ಕ್ಲಾಸಿನವರಿಗೆ ಪ್ರತಿ ವರ್ಷ ನಾನು ಅದನ್ನೇ ಹೇಳ್ತಿರೋದಪ್ಪ."

ಎಲ್ಲಿಗೆ ಹೋಗ್ತಿದೆ ಸರಕು

ಆಂಧ್ರದೊಳಗೆ ಒಂದು ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಪೊಲೀಸಿನವರು ಲಾರಿ ನಿಲ್ಲಿಸಿದರು. ಸಂಜೆಯಾದರೂ ಬಿಸಿಲು ಇಳಿದಿರಲಿಲ್ಲ. ಟೊಮೆಟೊ ನೋಡಿದರು, ಕಾಗದ ನೋಡಿದರು. ಆಮೇಲೆ ಮೇಲಿನಿಂದ ಗುಟುರು ಕೇಳಿಸಿತು.

"ಏಮಯ್ಯಾ, ಮೇಲೇನು?"

"ಪಾರಿವಾಳ ಸಾರ್."

"ಎಲ್ಲಿಗೆ?"

"ಅವುಗಳ ಮನೆಗೆ ಸಾರ್."

"ಮನೆ ಎಲ್ಲಿ?"

"ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ."

"ನೀನು ಬರ್ತಿರೋದು ಎಲ್ಲಿಂದ?"

"ಕೋಲಾರದಿಂದ."

ಅವರು ಕಾಗದವನ್ನ ಇನ್ನೊಂದು ಸಲ ತಿರುಗಿಸಿ ನೋಡಿದರು. "ಮನೇಲಿದ್ದ ಹಕ್ಕಿಗಳನ್ನ ಮನೆಗೆ ಕಳಿಸೋಕೆ ಇಷ್ಟು ದೂರ ತಂದಿದ್ದೀಯಾ?"

"ಹೌದು ಸಾರ್. ಇಲ್ಲಿಗೆ ತರದೇ ಇದ್ರೆ ವಾಪಸ್ ಹೋಗೋದು ಹೇಗೆ?"

ಅವರಿಗೆ ನನ್ನ ಮೇಲೆ ಅನುಮಾನವೋ, ತಮ್ಮ ಮೇಲೋ ಗೊತ್ತಾಗಲಿಲ್ಲ. ದೊಡ್ಡ ಸಾಹೇಬರಿಗೆ ಫೋನ್ ಮಾಡಿ ಎಲ್ಲ ವಿವರಿಸಿದರು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. "ಅವನನ್ನ ಬಿಟ್ಟುಬಿಡು. ನೀನು ನೆರಳಲ್ಲಿ ಕೂತ್ಕೊಂಡು ಮಜ್ಜಿಗೆ ಕುಡಿ."

ಮೋಡ

ಇದು ನಗೋ ವಿಷಯ ಆಗಿದ್ದು ಆಮೇಲೆ. ಆಗ ನನಗೆ ಬೆವರಿಳಿದಿತ್ತು.

ಇನ್ನೊಂದು ಟ್ರಿಪ್ಪಿನಲ್ಲಿ ಅನಂತಪುರ ದಾಟಿದ ಮೇಲೆ ಬೆಳಿಗ್ಗೆ ನೋಡಿದರೆ ದಕ್ಷಿಣದ ಕಡೆ ಆಕಾಶವೆಲ್ಲ ಕಪ್ಪು. ಮೇಷ್ಟ್ರ ಫೋನ್ ಬಂತು. "ಈಗ ಬಿಡಬೇಡ. ಆ ಮೋಡದೊಳಗೆ ಹೋದ್ರೆ ದಿಕ್ಕು ತಪ್ಪುತ್ವೆ. ಕಾಯೋದೂ ಗೆಲ್ಲೋನ ಗುಣ." ಕಾದೆ. ಏಳಾಯ್ತು, ಎಂಟಾಯ್ತು. ಸಿಗ್ನಲ್ ಹೋಗಿ ಮೇಷ್ಟ್ರ ಫೋನೂ ನಿಂತಿತು. ಹಿಂದೆ ಟೊಮೆಟೊ ಮೆತ್ತಗಾಗ್ತಿದೆ, ಮೇಲೆ ಹಕ್ಕಿಗಳು ಬುಟ್ಟಿ ಕುಟುಕ್ತಿವೆ. ಒಂದೊಂದು ಹಕ್ಕಿಯನ್ನೂ ಮಗುವಿನ ಹಾಗೆ ಸಾಕಿರೋರ ಮುಖ ಕಣ್ಣ ಮುಂದೆ ಬರ್ತಿತ್ತು. ಬಿಟ್ಟು ಕಳೆದುಹೋದರೆ ಅವರಿಗೆ ಏನಂತ ಹೇಳೋದು?

ಸಿಗ್ನಲ್ ಬಂದ ತಕ್ಷಣ ಮೊದಲು ಬಂದದ್ದು ಲಾರಿಯ ಮಾಲೀಕರೂ ಆದ ಟೊಮೆಟೊ ಮಂಡಿಯವರ ಕರೆ.

"ಎಲ್ಲಿದ್ದೀಯೋ?"

"ಇಲ್ಲೇ ಅಣ್ಣ, ಮೋಡ ತಿಳಿಯಾಗಲಿ ಅಂತ ನಿಂತಿದ್ದೀನಿ."

"ಲೇ, ನಿನಗೆ ನಾನು ಕೊಟ್ಟಿರೋದು ಲಾರೀನೋ ವಿಮಾನಾನೋ?"

ಒಂಬತ್ತರ ಹೊತ್ತಿಗೆ ಮೋಡ ಒಡೆದು ಬಿಸಿಲು ಬಿತ್ತು. ಯಾರನ್ನೂ ಕೇಳದೆ ಬಾಗಿಲು ತೆಗೆದೆ. ಎಲ್ಲವೂ ಒಂದೇ ಸಲ ಎದ್ದು, ಎರಡು ಸುತ್ತು ಸುತ್ತಿ, ಊರಿನ ದಿಕ್ಕಿಗೆ ಹೋದವು. ಮಧ್ಯಾಹ್ನದ ಹೊತ್ತಿಗೆ ಒಂದೂ ಬಿಡದೆ ಮನೆ ಸೇರಿದ ಸುದ್ದಿ ಬಂತು. ಟೊಮೆಟೊನೂ ಹಾಳಾಗದೆ ತಲುಪಿತು.

ಮಂಡಿಯವರು ಬೈತಾರೆ ಅಂತ ಹೆದರಿಕೊಂಡೇ ಹೋದೆ. ಅವರು ಗಂಭೀರವಾಗಿ ಕೂರಿಸಿ ಕೇಳಿದರು, "ಅಷ್ಟು ದೂರದಿಂದ ಎಲ್ಲಾ ವಾಪಸ್ ಬಂದ್ವಾ? ನಿಜವಾಗ್ಲೂ? ನನಗೂ ಒಂದು ಜೊತೆ ಕೊಡಿಸು. ನನ್ನ ಡ್ರೈವರುಗಳು ಅಷ್ಟು ನೆಟ್ಟಗೆ ಬರೋದಿಲ್ಲ."

ಮಾಲೂರಿನ ಸ್ವಾಗತ

ಹಕ್ಕಿ ಊರು ಸೇರಿದರೆ ಸಾಲದು. ಗೂಡಿನೊಳಗೆ ಬರಬೇಕು. ಅದರ ಕಾಲಿಗೆ ಕ್ಲಬ್ಬಿನವರು ಹಾಕಿದ ರಬ್ಬರ್ ಉಂಗುರದ ನಂಬರಿನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಫೋಟೋ ಬಂದ ಹೊತ್ತೇ ಲೆಕ್ಕ.

ಒಂದು ವಾರ ನನ್ನ ಲಾರಿ ಗ್ಯಾರೇಜಿನಲ್ಲಿತ್ತು, ಬುಟ್ಟಿಗಳು ಬೇರೆ ಗಾಡಿಯಲ್ಲಿ ಹೋಗಿದ್ದವು. ಮಾಲೂರಿನ ಯಜಮಾನರು ನನ್ನನ್ನ ಮನೆಗೆ ಕರೆಸಿಕೊಂಡರು. ಈ ಸಲ ಅವರ ನೀಲಿ ಗಂಡು ಗೆಲ್ಲೋದು ಖಂಡಿತ ಅಂತ ಶಾಮಿಯಾನ ಹಾಕಿಸಿದ್ದರು. ಬ್ಯಾಂಡ್ ಸೆಟ್ ಬಂದಿತ್ತು. ಫ್ಯಾಕ್ಟರಿ ಕೆಲಸದವರು, ನೆಂಟರು, ಎಲ್ಲ ಸೇರಿ ಮದುವೆ ಮನೆ ಥರ ಇತ್ತು.

ಹಕ್ಕಿ ನಿಜವಾಗಿಯೂ ಬಂತು. ಎಲ್ಲರಿಗಿಂತ ಮುಂಚೆ ಬಂತು. ತನ್ನ ಮನೆ ಮುಂದೆ ಇಷ್ಟು ಜನ, ಕೆಂಪು ಬಟ್ಟೆ, ಡೋಲು ನೋಡಿ, ಇದು ನನ್ನ ಮನೆಯಲ್ಲ ಅಂತ ತೀರ್ಮಾನಿಸಿ ಪಕ್ಕದ ಮನೆಯ ನೀರಿನ ಟ್ಯಾಂಕ್ ಮೇಲೆ ಕೂತುಬಿಟ್ಟಿತು.

ಯಜಮಾನರು ಪಿಸುಗುಟ್ಟಿದರು, "ಎಲ್ರೂ ಬಚ್ಚಿಟ್ಕೊಳ್ಳಿ." ನೆಂಟರು ಶಾಮಿಯಾನದ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಬ್ಯಾಂಡಿನವರು ಡೋಲು ತಬ್ಬಿಕೊಂಡು ಇಟ್ಟಿಗೆ ರಾಶಿ ಹಿಂದೆ ಹೋದರು. ಕೆಮ್ಮು ಬಂದವರು ಬಾಯಿಗೆ ಟವಲ್ ತುರುಕಿಕೊಂಡರು. ಹಕ್ಕಿ ಆರಾಮವಾಗಿ ರೆಕ್ಕೆ ಕೆದರಿಕೊಳ್ಳುತ್ತಾ ನಮ್ಮನ್ನೇ ನೋಡ್ತಿತ್ತು. ಅರ್ಧ ಗಂಟೆ ಕಳೀತು. ಅಷ್ಟರಲ್ಲಿ ಗ್ರೂಪಿನಲ್ಲಿ ಯಲ್ದೂರಿನ ಅಜ್ಜಿಯ ಹಕ್ಕಿಯ ಫೋಟೋ ಬಂತು. ಅವರಿಗೆ ಮಾವಿನ ತೋಪಿದೆ, ತೋಪಿನ ಮನೆಯಲ್ಲಿ ನಾಲ್ಕೇ ನಾಲ್ಕು ಹಕ್ಕಿ ಸಾಕಿದ್ದಾರೆ. ಮೇಷ್ಟ್ರ ಲೆಕ್ಕದಲ್ಲೂ ಅವರೇ ಗೆದ್ದರು.

ಯಜಮಾನರು ದೊಡ್ಡ ಮನಸ್ಸಿನವರು. ಆಗಲೇ ಫೋನ್ ಮಾಡಿ ಅಭಿನಂದಿಸಿ, ನಮಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿದರು. "ಅಮ್ಮಾ, ಅದಕ್ಕೆ ಏನು ಮಾಡಿದ್ರಿ?"

"ಏನಿಲ್ಲ ನಾಯ್ನಾ. ಬಂದಾಗ ಕಾಳಿನ ಡಬ್ಬ ಅಲ್ಲಾಡಿಸ್ದೆ. ಹಸಿದಿತ್ತು, ಒಳಗೆ ಬಂತು."

"ಅದು ಸರಿ. ಗೆಲ್ಲಬೇಕು ಅನ್ನೋ ಛಲ ಅದಕ್ಕೆ ಹೇಗೆ ತುಂಬಿದ್ರಿ?"

ಅಜ್ಜಿ ಯೋಚನೆ ಮಾಡಿ ಹೇಳಿದರು, "ಪಂದ್ಯ ಇದೆ ಅಂತ ನಾನು ಅದಕ್ಕೆ ಹೇಳೇ ಇಲ್ವಲ್ಲ."

ನಮ್ಮನೆ ಬೂದಮ್ಮ

ಆ ಅಜ್ಜಿಯೇ ಆಮೇಲೆ ನನಗೆ ಒಂದು ಬೂದು ಬಣ್ಣದ ಹೆಣ್ಣು ಮರಿ ಕೊಟ್ಟರು. ನಾನು ವಾರಕ್ಕೆ ಎರಡು ದಿನ ಮನೇಲಿದ್ದರೆ ಹೆಚ್ಚು. ಹಾಗಾಗಿ ಸಾಕಿದ್ದು ನನ್ನ ಹೆಂಡತಿ. ಅವಳು ರೇಷ್ಮೆ ಹುಳು ಸಾಕೋಳು. ಹುಳುವಿನ ಮನೆಯ ಶಿಸ್ತನ್ನೇ ಪಾರಿವಾಳಕ್ಕೂ ತಂದಳು. ಹೊತ್ತಿಗೆ ಸರಿಯಾಗಿ ಕಾಳು, ದಿನಾ ಗುಡಿಸೋದು, ಹೊರಗಿನವರಿಗೆ ಪ್ರವೇಶವಿಲ್ಲ. ಕಾಲು ತೊಳೆಯದೆ ಹೋದರೆ ನನಗೂ ಇಲ್ಲ. ಮೇಷ್ಟ್ರು ಬಂದು ನೋಡಿ, ಇದನ್ನ ಕಲಿಸೋಕೆ ನಾನು ಎಷ್ಟು ಪಾಠ ಮಾಡ್ದೆ ಅಂತ ತಲೆದೂಗಿದರು.

ಬೂದಮ್ಮನ ಮೊದಲ ದೊಡ್ಡ ಪಂದ್ಯ ಕರ್ನೂಲಿನಿಂದ. ಬೇರೆಯವರ ಹಕ್ಕಿಗೆ ಒಂದು ಸಲ ನೀರು ಕುಡಿಸೋ ನಾನು ಅವತ್ತು ಅವಳಿಗೆ ಎರಡು ಸಲ ಕುಡಿಸಿದೆ. ಅವಳು ಎದ್ದು ಹೋದ ದಿಕ್ಕು ನೋಡಿಕೊಂಡು, ನಾನು ನಾಗಪುರದ ಕಡೆ ಹೊರಟೆ. ಗಂಟೆಗೊಂದು ಸಲ ಲಾರಿ ನಿಲ್ಲಿಸಿ ಫೋನ್ ನೋಡ್ತಿದ್ದೆ. ಮಧ್ಯಾಹ್ನ ಹೆಂಡತಿಯ ಕರೆ ಬಂತು.

"ಬಂದ್ಲು ರೀ. ಎಲ್ರಿಗಿಂತ ಮುಂಚೆ ಬಂದಿದ್ದಾಳೆ ಅನ್ಸುತ್ತೆ. ಗ್ರೂಪಲ್ಲಿ ಇನ್ನೂ ಯಾರ್ದೂ ಇಲ್ಲ."

"ಬೇಗ ಫೋಟೋ ಹಾಕು."

"ಹಾಕ್ತೀನಿ ಇರಿ."

ಕಾದೆ. ಮೊದಲು ಬಂದದ್ದು ಬೂದಮ್ಮನ ಮುಖದ ಫೋಟೋ, ಹಣೆಯಲ್ಲಿ ಕುಂಕುಮ. ಎರಡನೆಯದು ಆರತಿ ತಟ್ಟೆಯ ಜೊತೆ. ಮೂರನೆಯದರಲ್ಲಿ ಬೂದಮ್ಮ ಬಟ್ಟಲಲ್ಲಿ ನೀರು ಕುಡೀತಿದ್ದಾಳೆ, ಪಕ್ಕದಲ್ಲಿ ಎದುರುಮನೆಯವರು ನಗ್ತಾ ನಿಂತಿದ್ದಾರೆ. ನಾಲ್ಕನೆಯದರಲ್ಲಿ ಕಾಲು ಬಂತು. ಅಷ್ಟು ಹೊತ್ತಿಗೆ ಇನ್ನಿಬ್ಬರು ಕಳಿಸಿ ಆಗಿತ್ತು. ಮೇಷ್ಟ್ರು ಭಾಗಿಸಿ ಗುಣಿಸಿ ಹೇಳಿದರು, ನಮಗೆ ಮೂರನೇ ಸ್ಥಾನ.

ಮೊದಲ ಪಂದ್ಯದಲ್ಲೇ ಮೂರನೆಯದು ಸಣ್ಣ ಮಾತಲ್ಲ, ಒಳಗೊಳಗೆ ಎದೆ ಉಬ್ಬಿತ್ತು. ಆದರೂ ಫೋನ್ ಮಾಡಿ ಗದರಿದೆ. "ಬಂದ ತಕ್ಷಣ ಕಾಲಿನ ಫೋಟೋ ಅಂತ ಎಷ್ಟು ಸಲ ಹೇಳಿದ್ದೆ ಕಣೇ?"

"ಅಷ್ಟು ದೂರದಿಂದ ಸುಸ್ತಾಗಿ ಬಂದ ಹೆಣ್ಣುಮಗಳಿಗೆ ಮೊದಲು ನೀರು ಕೊಡ್ತಾರೋ, ಕಾಲು ಹಿಡ್ಕೊಂಡು ಫೋಟೋ ತೆಗೀತಾರೋ?" ಅಂದಳು.

"ಪಂದ್ಯದಲ್ಲಿ ಮೊದಲು ಫೋಟೋ. ನೀರು ಆಮೇಲೆ."

"ಆಯ್ತು ಬಿಡಿ. ತಿಳ್ಕೊಂಡೆ."

ನಾಗಪುರದಲ್ಲಿ ಇಳಿಸಿ, ಅಲ್ಲಿಂದ ಇನ್ನೊಂದು ಲೋಡ್ ಹಿಡಿದು, ಮನೆ ಸೇರೋಕೆ ಐದು ದಿನ ಆಯ್ತು. ಉರಿಬಿಸಿಲು, ಗಂಟಲು ಒಣಗಿತ್ತು. ಬಾಗಿಲಲ್ಲಿ ಹೆಂಡತಿ ಫೋನ್ ಹಿಡಿದು ನಿಂತಿದ್ದಳು.

"ನೀರು ಕೊಡೇ" ಅಂದೆ.

"ಅಲ್ಲೇ ನಿಂತ್ಕೊಳ್ಳಿ" ಅಂದವಳೇ ಬಗ್ಗಿ, ಧೂಳು ಮೆತ್ತಿದ ನನ್ನ ಕಾಲಿನ ಫೋಟೋ ತೆಗೆದು, ಗ್ರೂಪಿಗೆ ಹಾಕಿ, ಆಮೇಲೆ ಒಳಗೆ ಹೋಗಿ ಚೊಂಬು ತಂದಳು.

ನಾನು ನೀರು ಕುಡಿದು ಮುಗಿಸೋ ಹೊತ್ತಿಗೆ ಲೆಕ್ಕದ ಮೇಷ್ಟ್ರ ಉತ್ತರ ಬಂದಿತ್ತು: "ಕರ್ನೂಲಿನಿಂದ ಐದು ದಿನ. ಭಾಗಿಸಿ ನೋಡಿದೆ. ಈ ವೇಗಕ್ಕೆ ನಮ್ಮಲ್ಲಿ ಬಹುಮಾನ ಇಲ್ಲ, ಆದರೆ ವಾಪಸ್ ಬಂದಿದೆಯಲ್ಲ, ಸಾಕಿಕೊಳ್ಳಿ."