ಮೂರನೆಯ ಸಲಕ್ಕೆ ಹೂಂ ಎನ್ನುವವರು

ನಮ್ಮ ಎದುರು ಫ್ಲಾಟಿನ ಮಹಾನುಭಾವರು ಒಂದು ಕಾಲದಲ್ಲಿ ಇರಾನ್ ದೇಶದ ಪರವಾಗಿ ಫುಟ್‌ಬಾಲ್ ಆಡಿದವರು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಲಿಫ್ಟಿನ ಬಾಗಿಲು ದಾಟಲಿಕ್ಕೇ ಐದು ನಿಮಿಷ ತೆಗೆದುಕೊಳ್ಳುವ ಮನುಷ್ಯ ಎದುರಾಳಿಗಳನ್ನು ಹೇಗೆ ದಾಟಿರಬೇಕು, ನೀವೇ ಹೇಳಿ!

ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಮಗಳು ಅಳಿಯನ ಜೊತೆ ನಾನಿರುವುದು. ಈ ಮನೆಗೆ ಬಂದ ವಾರವೇ ಅವರ ಪರಿಚಯವಾದದ್ದು ಲಿಫ್ಟಿನ ಎದುರು. ಎತ್ತರದ ಆಳು, ಬೆಳ್ಳಿ ಮೀಸೆ, ಇಸ್ತ್ರಿ ಮುರಿಯದ ಷರ್ಟು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ. ಬಾಗಿಲು ತೆರೆಯಿತು. ಅವರು ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ, ತಮ್ಮ ಭಾಷೆಯಲ್ಲಿ ದಯಮಾಡಿಸಿ ಎಂದರು. ನಾನು ಬಿಡುತ್ತೇನೆಯೇ? ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಪಳಗಿದವಳು! ‘ಆಫ್ಟರ್ ಯೂ’ ಎಂದೆ. ಅವರು ಇನ್ನೂ ಬಗ್ಗಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಲಿಫ್ಟಿಗೆ ಕಾನ್ವೆಂಟೂ ಗೊತ್ತಿಲ್ಲ, ಇರಾನೂ ಗೊತ್ತಿಲ್ಲ. ಬಾಗಿಲು ಮುಚ್ಚಿಕೊಂಡು ಖಾಲಿಯೇ ಇಳಿದುಹೋಯಿತು. ಇಬ್ಬರೂ ಪರಮ ಸಂತೃಪ್ತಿಯಿಂದ ಹೊರಗೇ ಉಳಿದೆವು.

ಇದಕ್ಕೆ ಅವರಲ್ಲಿ ತಾರೋಫ್ ಎಂಬ ಹೆಸರಿದೆಯಂತೆ. ಏನು ಕೊಟ್ಟರೂ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲಕ್ಕೆ ತೆಗೆದುಕೊಳ್ಳಬೇಕು. ಹಾಗೆಯೇ ಯಾರಾದರೂ ನಿಮ್ಮ ವಸ್ತುವನ್ನು ಮೆಚ್ಚಿದರೆ, ಅದು ನಿಮ್ಮದೇ ಎಂದು ಕೊಡಲು ಹೋಗಬೇಕು; ಮೆಚ್ಚಿದವರು ಅಯ್ಯೋ ಬೇಡ ಎಂದು ಕೈಮುಗಿಯಬೇಕು. ಇದೇನೂ ನಮಗೆ ತೀರಾ ಹೊಸತಲ್ಲ. ಮದುವೆಯೂಟದಲ್ಲಿ ಬಾಳೆಲೆಗೆ ಕೈ ಅಡ್ಡ ಹಿಡಿದು ‘ಬೇಡ, ಬೇಡ’ ಎನ್ನುವವರ ಬೆರಳ ಸಂದಿನಿಂದ ಪಾಯಸ ಇಳಿಯುವುದನ್ನು ನಾವು ನೋಡಿಲ್ಲವೇ? ಆದರೆ ನಾವು ಈ ಕಲೆಯನ್ನು ಊಟದ ಪಂಕ್ತಿಗೆ ಸೀಮಿತ ಮಾಡಿದೆವು. ಅವರು ಅದನ್ನು ಜೀವನದ ತುಂಬ ಬಡಿಸಿಕೊಂಡರು.

ಅವರ ಫುಟ್‌ಬಾಲ್ ಚರಿತ್ರೆಯನ್ನು ನಾನು ಕೇಳಿದ್ದು ಕಂತು ಕಂತಾಗಿ, ಅವರ ಮನೆಯ ಸಣ್ಣ ಗಾಜಿನ ಲೋಟದ ಕೆಂಪು ಚಹಾದ ಜೊತೆ. ಅವರ ಹೆಂಡತಿಯನ್ನು ನಾನು ಖಾನಮ್ ಎನ್ನುತ್ತೇನೆ, ಅವರನ್ನು ಆಘಾ ಎನ್ನುತ್ತೇನೆ. ಯಜಮಾನರೇ ಎಂದ ಹಾಗೆ. ಅವರು ನನ್ನನ್ನು ಮಾದರ್ ಜಾನ್ ಎನ್ನುತ್ತಾರೆ, ಅಮ್ಮಾ ಎಂದ ಹಾಗೆ. ನಮ್ಮ ಸಂಭಾಷಣೆ ಅವರ ಹಿಂದಿ, ನನ್ನ ಇಂಗ್ಲಿಷು ಮತ್ತು ದುಬೈಯಲ್ಲಿ ಎಲ್ಲರಿಗೂ ಬರುವ ನಾಲ್ಕು ಅರಬ್ಬಿ ಶಬ್ದಗಳಲ್ಲಿ ನಡೆಯುತ್ತದೆ. ಅರ್ಥವಾಗದ್ದಕ್ಕೆ ಖಾನಮ್ ಇದ್ದಾರೆ. ಅವರು ಬರೇ ಅನುವಾದ ಮಾಡುವುದಿಲ್ಲ, ತೀರ್ಪನ್ನೂ ಕೊಡುತ್ತಾರೆ.

ದಕ್ಷಿಣ ಇರಾನಿನ ಎಣ್ಣೆ ತೆಗೆಯುವ ಊರು ಅವರದು. ಸೆಖೆ ನಮ್ಮ ಮಂಗಳೂರಿಗೆ ಪಾಠ ಹೇಳುವಷ್ಟು. ಒಂದು ಪ್ಲಾಸ್ಟಿಕ್ ಚೆಂಡನ್ನು ಸೀಳಿ ಇನ್ನೊಂದರ ಮೇಲೆ ತೊಡಿಸಿದರೆ ಭಾರ ಬಂದು ಚೆಂಡು ಗಾಳಿಗೆ ಹಾರುವುದಿಲ್ಲ. ಅದೇ ಅವರ ಮೊದಲ ಫುಟ್‌ಬಾಲು. ಇರಾಕಿನೊಡನೆ ಯುದ್ಧ ಬಂತು. ಮನೆಮಂದಿಯೆಲ್ಲ ಶಿರಾಜಿಗೆ ಓಡಿದರು. ಅಲ್ಲಿಂದ ತೆಹ್ರಾನಿನ ಕ್ಲಬ್ಬು, ಆಮೇಲೆ ದೇಶದ ತಂಡ, ಎಡಗಡೆಯ ರಕ್ಷಣೆ, ಬೆನ್ನ ಮೇಲೆ ಮೂರನೆಯ ನಂಬರು.

ಮೈದಾನಕ್ಕಿಳಿದರೆ ಮಾತ್ರ ಮನುಷ್ಯ ಬೇರೆಯೇ. ಚೆಂಡನ್ನೂ ಬಿಡುತ್ತಿರಲಿಲ್ಲ, ಚೆಂಡು ತಂದವನನ್ನೂ ಬಿಡುತ್ತಿರಲಿಲ್ಲವಂತೆ. ಆದರೆ ಎದುರಾಳಿ ಬಿದ್ದ ಮರುಕ್ಷಣವೇ ಅವನ ಪಕ್ಕ ಮಂಡಿಯೂರಿ, ‘ನಾನು ನಿನ್ನ ಪಾದದ ಧೂಳು’ ಎಂದು ತಾರೋಫ್ ಶುರು! ಒಮ್ಮೆ ಫಾರ್ಸಿ ಬಾರದ ರೆಫರಿಯೊಬ್ಬ, ಬಿದ್ದವನ ಕಿವಿಯಲ್ಲಿ ಇವರು ಏನೋ ಬೈಯುತ್ತಿದ್ದಾರೆಂದು ಹಳದಿ ಕಾರ್ಡು ತೋರಿಸಿದ. ಕೆಡವಿದ್ದಕ್ಕಲ್ಲ, ಕ್ಷಮೆ ಕೇಳಿದ್ದಕ್ಕೆ! ಜಗತ್ತಿನಲ್ಲಿ ಇನ್ಯಾರಿಗಾದರೂ ಈ ಗೌರವ ಸಂದಿದೆಯೇ?

ಕ್ಯಾಪ್ಟನ್ ಆಗುವ ಯೋಗವೂ ಬಂದಿತ್ತು. ತಂಡಕ್ಕೆ ಆಗ ಯುರೋಪಿನಿಂದ ಬಂದ ಕೋಚ್. ತೋಳಿಗೆ ಕಟ್ಟುವ ಪಟ್ಟಿಯನ್ನು ಇವರ ಮುಂದೆ ಹಿಡಿದು, ನೀನೇ ಆಗು ಎಂದ. ಇವರು, ನಾನು ಅದಕ್ಕೆ ಯೋಗ್ಯನಲ್ಲ ಎಂದರು. ಮನಸ್ಸಿನಲ್ಲಿ ಎರಡನೆಯ ಬೇಡವನ್ನು ಹುರಿಗೊಳಿಸುತ್ತ ನಿಂತರು. ಕೋಚ್ ‘ಓಕೆ’ ಎಂದು ಪಟ್ಟಿಯನ್ನು ಪಕ್ಕದವನ ತೋಳಿಗೆ ಕಟ್ಟಿಬಿಟ್ಟ. ಖಲಾಸ್!

ಇನ್ನೊಮ್ಮೆ ಯುರೋಪಿನದೇ ಒಂದು ಕ್ಲಬ್ಬಿನಿಂದ ಫೋನು, ನಮ್ಮಲ್ಲಿಗೆ ಬಂದು ಆಡುತ್ತೀರಾ ಎಂದು. ಇವರು ವಿನಯದಿಂದ, ನಿಮ್ಮಂಥ ದೊಡ್ಡವರ ನಡುವೆ ನನ್ನಂಥವನಿಗೇನು ಕೆಲಸ ಎಂದರು. ಆ ಕಡೆಯವರು ಪ್ರಾಮಾಣಿಕ ಉತ್ತರಕ್ಕಾಗಿ ವಂದನೆ ಹೇಳಿ ಫೋನ್ ಇಟ್ಟರು. ಇವರು ಎರಡನೆಯ ಕರೆಗಾಗಿ ಚಳಿಗಾಲವಿಡೀ ಕಾದರು.

ಹಾಗಾದರೆ ದುಬೈಗೆ ಹೇಗೆ ಬಂದಿರಿ ಎಂದು ನಾನು ಕೇಳಿದೆ. ಖಾನಮ್ ಚಹಾ ಸುರಿಯುತ್ತ ಹೇಳಿದರು, “ಇಲ್ಲಿನ ಕ್ಲಬ್ಬಿನಿಂದ ಫೋನ್ ಬಂದಾಗ ಇವರು ಸ್ನಾನಕ್ಕೆ ಹೋಗಿದ್ದರು, ಆಂಟಿ. ನಾನೇ ತೆಗೆದುಕೊಂಡು ಮೊದಲನೇ ಸಲಕ್ಕೇ ಹೂಂ ಎಂದೆ. ನಮ್ಮ ಮಕ್ಕಳು ಓದಿದ್ದು ನನ್ನ ಅಮರ್ಯಾದೆಯಿಂದ.”

ಆಘಾ ತಲೆ ತಗ್ಗಿಸಿ ಸಕ್ಕರೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. ದುಬೈಯಲ್ಲಿ ಕೆಲವು ವರ್ಷ, ಆಮೇಲೆ ಅಬುಧಾಬಿಯ ಕ್ಲಬ್ಬಿನಲ್ಲಿ ಕೆಲವು ವರ್ಷ. ಅಲ್ಲಿಯೇ ಎಡಮೊಣಕಾಲು ಮುರಿದು ಆಟ ಮುಗಿಯಿತು. ಆಮೇಲೆ ದುಬೈಯದೇ ರಾಸ್ ಅಲ್ ಖೋರ್‌ನಲ್ಲಿ ಹಳೆ ಕಾರುಗಳ ಬಿಡಿಭಾಗದ ಅಂಗಡಿ. ಎಷ್ಟಾಯಿತು ಎಂದು ಗಿರಾಕಿ ಕೇಳಿದರೆ, ನಿಮಗಿಂತ ಹೆಚ್ಚೇ, ಏನೂ ಬೇಡ ಎನ್ನುತ್ತಿದ್ದರು. ಇರಾನಿನ ಗಿರಾಕಿಗಳು ಬಲವಂತವಾಗಿ ಕೊಟ್ಟು ಹೋಗುತ್ತಿದ್ದರು. ನಮ್ಮ ಕಡೆಯವರು ಥ್ಯಾಂಕ್ಯೂ ಎಂದು ರೇಡಿಯೇಟರ್ ಎತ್ತಿಕೊಂಡು ಹೋಗುತ್ತಿದ್ದರು. ಅಂಗಡಿ ಎಷ್ಟು ಕಾಲ ನಡೆಯಿತೆಂದು ಬೇರೆ ಹೇಳಬೇಕೇ?

ನಕ್ಕಿರಾ? ನಾನೂ ನಕ್ಕಿದ್ದೆ. ಆದರೆ ರೇಡಿಯೇಟರ್ ಎತ್ತಿಕೊಂಡು ಹೋದವರಿಗಿಂತ ನಾನೇನು ಕಮ್ಮಿ!

ತಾರೋಫಿನ ಈ ಎಲ್ಲ ಪಾಠ ಆಗುವುದಕ್ಕೆ ಮುಂಚಿನ ಮಾತು. ಮೊದಲ ಸಲ ಅವರ ಮನೆಗೆ ಹೋದ ದಿನ, ಗೋಡೆಯ ಮೇಲೆ ಹ್ಯಾಂಗರಿನಲ್ಲಿ ಒಂದು ಬಿಳಿ ಜೆರ್ಸಿ ತೂಗುತ್ತಿತ್ತು. ಅಂಚಿನಲ್ಲಿ ಹಸಿರು ಕೆಂಪು ಪಟ್ಟಿ. ಕೂತ ಮನೆಯಲ್ಲಿ ಒಂದಾದರೂ ವಸ್ತುವನ್ನು ಹೊಗಳಬೇಕು ಎನ್ನುವುದು ಸಿಸ್ಟರುಗಳು ಕಲಿಸಿದ ಮ್ಯಾನರ್ಸು. ‘ವಾಟ್ ಎ ಲವ್ಲಿ ಷರ್ಟ್’ ಎಂದೆ. ಆಘಾ ಎದ್ದು ಅದನ್ನು ಇಳಿಸಿ ನನ್ನ ಮಡಿಲಲ್ಲಿಟ್ಟು, ಇದು ನಿಮ್ಮದೇ ಎಂದರು. ಕೊಟ್ಟದ್ದನ್ನು ವಾದಿಸದೆ ನಗುಮೊಗದಿಂದ ಸ್ವೀಕರಿಸಬೇಕು ಎನ್ನುವುದೂ ಅದೇ ಸಿಸ್ಟರುಗಳ ಮ್ಯಾನರ್ಸು. ಸ್ವೀಕರಿಸಿದೆ! ಅವರ ಮುಖದಲ್ಲಿ ಏನೋ ಒಂದು ಕ್ಷಣ ಬಂದು ಹೋಯಿತು. ನಾನು ಅದನ್ನು ಸಂತೋಷ ಎಂದುಕೊಂಡೆ.

ಮನೆಗೆ ತಂದು ಒಗೆದು ಇಸ್ತ್ರಿ ಮಾಡಿದೆ. ಎಡ ಕಂಕುಳಲ್ಲಿ ಹರಿದದ್ದನ್ನು ಯಾರೋ ಬಿಳಿ ನೂಲಿನಲ್ಲಿ ಬಹಳ ಚಂದ ಹೊಲಿದಿದ್ದರು. ಆದರೆ ಎಪ್ಪತ್ತು ದಾಟಿದ ಸೀರೆಯ ಹೆಂಗಸು ಫುಟ್‌ಬಾಲ್ ಜೆರ್ಸಿಯನ್ನು ಏನು ಮಾಡುತ್ತಾಳೆ? ಅಳಿಯನಿಗೆ ಕೊಟ್ಟೆ. ಅವನು ಅದನ್ನು ತೊಟ್ಟುಕೊಂಡು ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಹೊರಟ. ಬಂದವನು ಶೂ ಬಿಚ್ಚುತ್ತ, “ಅತ್ತೆ, ಎದುರು ಮನೆಯವರು ಸಿಕ್ಕಿದ್ರು. ನನ್ನನ್ನು ಎಂತದೋ ತುಂಬ ಹೊತ್ತು ನೋಡಿದ್ರು ಮಾರಾಯ್ರೆ. ಆಮೇಲೆ ಮಾಶಾಲ್ಲಾ, ನನಗಿಂತ ನಿನಗೇ ಚಂದ ಕಾಣ್ತದೆ ಅಂದ್ರು” ಎಂದ. ಎಷ್ಟು ದೊಡ್ಡ ಮನಸ್ಸು ಎಂದು ನಾವಿಬ್ಬರೂ ಕೊಂಡಾಡಿದೆವು.

ಮೊನ್ನೆ ಚಳಿಗಾಲದಲ್ಲಿ ಒಂದು ಸಂಜೆ ಕೆರೆಯ ಪಕ್ಕದ ಬೆಂಚಿನ ಮೇಲೆ ಖಾನಮ್ ನನ್ನ ಬಳಿ ಬಂದು ಕೂತರು. ಅಬುಧಾಬಿಯ ಆ ಹಳೆಯ ಕ್ಲಬ್ಬಿನವರು ತಮ್ಮಲ್ಲಿ ಆಡಿದ ಹೊರದೇಶದವರನ್ನೆಲ್ಲ ಕರೆದಿದ್ದಾರೆ, ಶನಿವಾರದ ಪಂದ್ಯಕ್ಕೆ ಮೊದಲು ಮೈದಾನದಲ್ಲಿ ಒಂದು ಸುತ್ತು ನಡೆಸಿ ಗೌರವಿಸುತ್ತಾರೆ, ಪ್ರತಿಯೊಬ್ಬರೂ ತಮ್ಮ ತಮ್ಮ ದೇಶದ ಹಳೆ ಜೆರ್ಸಿ ತೊಟ್ಟು ಬರಬೇಕು ಎಂದರು. ಆಘಾ ಜ್ವರ ಎಂದು ಹೇಳಿ ಕಳಿಸಲು ಹೊರಟಿದ್ದಾರಂತೆ.

ಜ್ವರ ಇದೆಯೇ ಎಂದು ಕೇಳಿದೆ.

“ಜೆರ್ಸಿ ಇಲ್ಲ, ಆಂಟಿ. ಇದ್ದದ್ದು ಅದೊಂದೇ,” ಎಂದರು ಖಾನಮ್, ನೀರನ್ನು ನೋಡುತ್ತ. “ದೇಶಕ್ಕಾಗಿ ಆಡಿದ ಕೊನೆಯ ದಿನ ತೊಟ್ಟದ್ದು. ಕಂಕುಳಿನ ಹೊಲಿಗೆ ಅವರ ಅಮ್ಮನದು. ಅಮ್ಮ ಹೋದ ಮೇಲೆ ಅವರ ಕೈಯದು ಅಂತ ಬೇರೇನೂ ಉಳಿದಿಲ್ಲ. ನಾನು ಇದನ್ನು ನಿಮಗೆ ಹೇಳಿಲ್ಲ. ನೀವು ಕೇಳಿಲ್ಲ.”

ವಾಪಸು ಕೊಟ್ಟರಾಯಿತು, ಅದರಲ್ಲೇನು ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡು ಮನೆಗೆ ಓಡಿದೆ. ಅಯ್ಯೋ, ತಾರೋಫ್ ಬಲ್ಲವರಿಂದ ವಸ್ತು ತೆಗೆದುಕೊಳ್ಳುವುದು ಸುಲಭ. ಅವರಿಗೆ ವಾಪಸು ಕೊಡಲು ಹೋಗಿ ನೋಡಿ!

ಮರುದಿನವೇ ಜೆರ್ಸಿಯನ್ನು ಹಿಡಿದುಕೊಂಡು ಹೋದೆ. ನಿಮ್ಮ ಹತ್ತಿರವೇ ಇರಲಿ ಎಂದೆ. ಎದೆಯ ಮೇಲೆ ಕೈಯಿಟ್ಟು, ನಿಮ್ಮ ಮನೆಯಲ್ಲಿರುವುದು ಅದರ ಭಾಗ್ಯ ಎಂದರು. ಎರಡನೆಯ ಸಲ ಎಂದೆ, ಎರಡನೆಯ ಸಲ ಬೇಡ ಎಂದರು. ಮೂರನೆಯ ಸಲ ಎಂದಾಗ ನಾನು ಗೆದ್ದೆ ಎಂದುಕೊಂಡಿದ್ದೆ. ಮೂರನೆಯ ಸಲವೂ ಬೇಡ! ತಾವೇ ಕೊಟ್ಟದ್ದಕ್ಕೆ ಮೂರರ ಲೆಕ್ಕ ಅನ್ವಯಿಸುವುದಿಲ್ಲವಂತೆ. ಈ ಉಪನಿಯಮವನ್ನು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಪತ್ರೊಡೆಯ ಡಬ್ಬಿಯ ಕೆಳಗೆ ಮಡಚಿಟ್ಟು ಮಗಳ ಕೈಯಲ್ಲಿ ಕಳಿಸಿದೆ. ಸಂಜೆಗೆ ಡಬ್ಬಿ ಬಂತು, ತುಂಬ ಪಿಸ್ತಾ, ಕೆಳಗೆ ಜೆರ್ಸಿ. ಅದನ್ನೇ ಅವರ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ. ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲ ಹಿಡಿಯಲ್ಲಿ, ಜೊತೆಗೆ ಕೇಸರಿಯ ಪುಟ್ಟ ಡಬ್ಬಿ. ಹೀಗೇ ಹೋದರೆ ಇರಾನಿನ ಒಣಹಣ್ಣಿನ ಅಂಗಡಿ ಇಡಬಹುದು ಎಂದು ಅಳಿಯ ನಕ್ಕ. ಮಗಳು ಮಾತ್ರ, “ಅಮ್ಮ, ಜಸ್ಟ್ ಟೆಲ್ ಹಿಮ್ ನಿಮಗೆ ವಿಷಯ ಗೊತ್ತುಂಟು ಅಂತ” ಎಂದಳು. ಹೇಗೆ ಹೇಳುವುದು? ಹೇಳಿದರೆ ಖಾನಮ್ ನನಗೆ ತಿಳಿಸಿದ್ದು ಗೊತ್ತಾಗುತ್ತದೆ. ಕೊಟ್ಟದ್ದನ್ನು ಕೇಳಿ ಪಡೆದ ಹಾಗಾಗುತ್ತದೆ. ಆಗ ಆ ಮನುಷ್ಯ ಜೆರ್ಸಿಯನ್ನಂತೂ ಮುಟ್ಟುವುದಿಲ್ಲ, ನನ್ನ ಮುಖವನ್ನೂ ನೋಡಲಾರರು.

ಶುಕ್ರವಾರ ಬಂತು. ಮರುದಿನ ಅಬುಧಾಬಿ. ಬೆಳಿಗ್ಗೆ ಪೂಜೆ ಮುಗಿಸಿ, ದೇವರಿಗೂ ಸಿಸ್ಟರುಗಳಿಗೂ ಒಟ್ಟಿಗೆ ಕ್ಷಮೆ ಕೇಳಿ, ಜೆರ್ಸಿಯನ್ನು ಮುದ್ದೆ ಮಾಡಿ ಹಿಡಿದುಕೊಂಡು ಎದುರು ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದವರು ಆಘಾ. ಒಳಗೆ ದಯಮಾಡಿಸಿ ಎಂದು ಬಗ್ಗಿದರು. ನಾನು ಹೊಸ್ತಿಲಲ್ಲೇ ನಿಂತೆ.

“ಆಘಾ, ಈ ಅಂಗಿ ನನಗೆ ಬೇಡ.”

“ಮಾದರ್ ಜಾನ್, ನಿಮ್ಮ ಮನೆಗೆ ಅದು—”

“ನಮ್ಮ ಮನೆಗೆ ಅದು ಚಂದ ಕಾಣುವುದಿಲ್ಲ. ಬಣ್ಣ ಮಾಸಿದೆ, ಕಂಕುಳು ಹರಿದಿದೆ. ಅಳಿಯನಿಗೂ ಬೇಡವಂತೆ. ಕಪಾಟಿನಲ್ಲಿ ಸುಮ್ಮನೆ ಜಾಗ ತಿನ್ನುತ್ತದೆ. ನೀವು ತೆಗೆದುಕೊಂಡರೆ ಸರಿ, ಇಲ್ಲವಾದರೆ ನಾಳೆಯಿಂದ ನೆಲ ಒರೆಸಲಿಕ್ಕೆ ಹಾಕುತ್ತೇನೆ.”

ಇಷ್ಟು ಕೆಟ್ಟ ಮಾತನ್ನು ನಾನು ಜನ್ಮದಲ್ಲಿ ಯಾರಿಗೂ ಆಡಿರಲಿಲ್ಲ. ತಾರೋಫಿನಲ್ಲಿ ಉಡುಗೊರೆಗೆ ಉತ್ತರವಿದೆ, ಹೊಗಳಿಕೆಗೆ ಉತ್ತರವಿದೆ. ಎಸೆಯಲು ಹೊರಟ ಹಳೆ ಬಟ್ಟೆಗೆ ಯಾವ ಉತ್ತರವೂ ಇಲ್ಲ. ಆಘಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು, “ನೆಲ ಒರೆಸಲಿಕ್ಕೆ?”

“ಹೌದು. ಬಾತ್‌ರೂಮಿನದ್ದು.”

ಅವರು ಎರಡೂ ಕೈ ಚಾಚಿದರು. ನಾನು ಇಟ್ಟೆ. ಮುದ್ದೆಯನ್ನು ಬಿಡಿಸಿ, ಅಲ್ಲೇ, ಬಾಗಿಲಲ್ಲಿ ನಿಂತಲ್ಲೇ, ಇಸ್ತ್ರಿ ಮಾಡಿದ ಷರ್ಟಿನ ಮೇಲೆಯೇ ತೊಡಲು ಶುರು ಮಾಡಿದರು. ಯಾವ ಕಾಲದ ಜೆರ್ಸಿ, ಯಾವ ಕಾಲದ ಹೊಟ್ಟೆ! ತೋಳುಗಳೇನೋ ಹೋದವು, ಉಳಿದದ್ದು ಭುಜದಲ್ಲಿ ಸಿಕ್ಕಿಹಾಕಿಕೊಂಡಿತು. ಖಾನಮ್ ಒಳಗಿನಿಂದ ಓಡಿ ಬಂದರು. ಕಂಕುಳಿನ ಹೊಲಿಗೆ ಬಿಟ್ಟೀತೆಂದು ಅವರು ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ ಹಿಡಿದೆ. ಶಾಲೆಗೆ ಹೊರಟ ಮಗುವಿಗೆ ಅಂಗಿ ತೊಡಿಸಿದ ಹಾಗೆ ಇಬ್ಬರು ಹೆಂಗಸರೂ ಸೇರಿ ಆ ಎತ್ತರದ ಮನುಷ್ಯನಿಗೆ ಜೆರ್ಸಿ ಎಳೆದೆವು. ಬಟ್ಟೆ ಎದೆಯಿಂದ ಇಳಿಯಿತು, ಹೊಟ್ಟೆಯಿಂದಲೂ ಇಳಿಯಿತು.

ತಲೆ ಮಾತ್ರ ಹೊರಗೆ ಬರಲಿಲ್ಲ.

ಇನ್ನೊಂದು ಸಲ ಎಳೆಯಲು ಹೋದೆ. ಖಾನಮ್ ನನ್ನ ಮಣಿಕಟ್ಟು ಹಿಡಿದು ತಡೆದರು. ಆಗ ನೋಡಿದೆ. ಜೆರ್ಸಿಯ ಕುತ್ತಿಗೆ ಸಾಕಷ್ಟು ಸಡಿಲವೇ ಇತ್ತು. ಆ ಬಿಳಿ ಬಟ್ಟೆಯೊಳಗೆ ಅವರ ಭುಜಗಳು ಸಣ್ಣಗೆ ಅಲುಗುತ್ತಿದ್ದವು, ಸದ್ದೇ ಇಲ್ಲದೆ. ನಾವಿಬ್ಬರೂ ಒಂದೊಂದು ತೋಳು ಹಿಡಿದುಕೊಂಡು, ಬೇರೆ ಕಡೆ ನೋಡುತ್ತ, ಅವರಾಗಿಯೇ ಹೊರಗೆ ಬರಲಿ ಎಂದು ಸುಮ್ಮನೆ ನಿಂತಿದ್ದೆವು.