ಓಹಾಯೋದಲ್ಲೂ ಕೆಲಸ ಮಾಡತಕ್ಕದ್ದಲ್ಲ

ನನಗೊಂದು ದೌರ್ಬಲ್ಯವಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವನ್ನು ಯಾರಾದರೂ ಮುಂದೆ ಹಿಡಿದು "ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದರೆ "ಗೊತ್ತಿಲ್ಲ" ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎರಡು ಸಲ "ಹ್ಞೂಂ" ಎಂದು, "ನೋಡುವ, ಇದರಲ್ಲಿ ಒಂದು ಪಾಯಿಂಟ್ ಉಂಟು" ಎಂದು ಶುರು ಮಾಡಿಬಿಡುತ್ತೇನೆ. ಆ ಪಾಯಿಂಟ್ ಯಾವುದೆಂದು ಆ ಕ್ಷಣಕ್ಕೆ ನನಗೂ ಗೊತ್ತಿರುವುದಿಲ್ಲ. ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಕಟ್ಟಡದಲ್ಲಿ ನಾನು ವಕೀಲನಾದದ್ದು ಹೀಗೆ. ಓದಿದ್ದು ಕಾರ್ಕಳದಲ್ಲಿ ಬಿ.ಕಾಂ., ಮಾಡುವುದು ಒಂದು ಲಿಫ್ಟ್ ಕಂಪನಿಯ ಆಫೀಸಿನಲ್ಲಿ ಕಾಗದಪತ್ರದ ಕೆಲಸ. ಆದರೂ ಬಾಡಿಗೆ ಕರಾರು, ವಾಷಿಂಗ್ ಮಷೀನಿನ ವಾರಂಟಿ, ಮಕ್ಕಳ ಶಾಲೆಯ ಸರ್ಕ್ಯುಲರ್ ಎಲ್ಲವೂ ನನ್ನ ಊಟದ ಮೇಜಿಗೇ ಬರುತ್ತವೆ. ಹೆಂಡತಿ ವಾರಿಜ ಬಂದವರಿಗೆ ಚಹಾ ಕೊಟ್ಟು, ಅವರು ಮೆಟ್ಟಿಲಿಳಿದ ಮೇಲೆ, "ನೀವು ಹೇಳಿದ್ದು ಸರಿಯಾ ಮಾರಾಯ್ರೆ?" ಎಂದು ಕೇಳುತ್ತಾಳೆ. "ಹೆಚ್ಚುಕಡಿಮೆ ಸರಿ" ಎನ್ನುತ್ತೇನೆ. ವಾಷಿಂಗ್ ಮಷೀನಿನವರು ಈಗ ನಮ್ಮ ಜತೆ ಮಾತಾಡುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎಂಟು ವರ್ಷದ ಹಿಂದೆ ನಮ್ಮ ಕಂಪನಿಯ ಇಬ್ಬರು ಮೆಕ್ಯಾನಿಕ್‌ಗಳು ಒಂದೇ ವಾರದಲ್ಲಿ ಕೆಲಸ ಬಿಟ್ಟು ಎದುರಾಳಿ ಕಂಪನಿ ಸೇರಿದರು. ನಮ್ಮ ಮಾಲೀಕರು ವಯಸ್ಸಾದ ಕುವೈತಿ, ನಾವೆಲ್ಲ ಬಾಬಾ ಎನ್ನುತ್ತೇವೆ. ಅವರು ನನ್ನನ್ನು ಕರೆದು, "ಶೆಟ್ಟಿ, ಇನ್ನು ಯಾರೂ ಹೀಗೆ ಹಾರಿಹೋಗದ ಹಾಗೆ ಕಾಂಟ್ರಾಕ್ಟಿನಲ್ಲಿ ಏನಾದರೂ ಹಾಕಿಸು, ಯಲ್ಲಾ!" ಎಂದರು. ಹಾಕಿಸು ಎಂದರೆ ಕಂಪನಿಯ ವಕೀಲರ ಹತ್ತಿರ ಬರೆಸು ಎಂದು. ನಾನು ಕೇಳಿಸಿಕೊಂಡದ್ದು 'ಹಾಕು' ಎಂದು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಕೆಲಸ ಬಿಟ್ಟವನು ಇಷ್ಟು ವರ್ಷ ಎದುರಾಳಿಯ ಬಳಿ ಸೇರತಕ್ಕದ್ದಲ್ಲ ಎಂಬ ಷರತ್ತಿಗೆ ನಾನ್‌ಕಂಪೀಟ್ ಎನ್ನುತ್ತಾರಂತೆ. ಅಮೆರಿಕದ ಯಾವುದೋ ಪುಟದಲ್ಲಿ ಅದರ ಮಾದರಿ ಸಿಕ್ಕಿತು. ಎಷ್ಟು ಗಂಭೀರವಾದ ಇಂಗ್ಲಿಷು ಅಂತೀರಿ! ಒಂದೇ ವಾಕ್ಯ ಅರ್ಧ ಪುಟ. ಹಾಗೆಯೇ ಎತ್ತಿ ಅಂಟಿಸಿದೆ. ಎರಡು ವರ್ಷ ಇದ್ದದ್ದನ್ನು ಐದು ಮಾಡಿದೆ, ಕುವೈತ್ ಸೇರಿಸಿದೆ, ಇರಲಿ ಎಂದು ಇಡೀ ಗಲ್ಫ್ ಸೇರಿಸಿದೆ, ಭಾರತವನ್ನೂ ಬಿಡಲಿಲ್ಲ. ಆದರೆ ಮೂಲದಲ್ಲಿದ್ದ 'ಓಹಾಯೋ ರಾಜ್ಯ' ಎಂಬುದನ್ನು ತೆಗೆಯಲು ಮರೆತೆ.

ಇದನ್ನು ಮೊದಲು ಕಂಡುಹಿಡಿದವನು ಬಸವರಾಜ. ಗದಗಿನ ಹುಡುಗ, ಆರು ವರ್ಷದ ಹಿಂದೆ ಮೆಕ್ಯಾನಿಕ್ ಆಗಿ ಬಂದ. ಎಲ್ಲರೂ ಕೊನೆಯ ಪುಟ ತಿರುವಿ ಸಹಿ ಹಾಕಿದರೆ ಇವನು ಮಾತ್ರ ಅಕ್ಷರಕ್ಕೆ ಬೆರಳಿಟ್ಟು ಓದಿ, "ಶೆಟ್ಟರ, ಈ ಓಹಾಯೋ ಅಂದ್ರ ಎಲ್ಲಿ ಬರ್ತೈತ್ರಿ? ಇಲ್ಲೇ ಕುವೈತ್‌ನಾಗ ಜಹ್ರಾ ಕಡೆ ಏನು?" ಎಂದು ಕೇಳಿದ. ತೆಗೆಯಲು ಮರೆತದ್ದು ನನಗೆ ಆಗಲೇ ಹೊಳೆದದ್ದು. ಆದರೆ ಗೊತ್ತಿಲ್ಲ, ತಪ್ಪಾಯಿತು ಎಂದೆನೇ? ಇಲ್ಲ. "ಅದು ಲೀಗಲ್ ಶಬ್ದ ಬಸವರಾಜ. ಸೈನ್ ಹಾಕು" ಎಂದೆ. ಪಾಪ, ನನ್ನ ಮೇಲೆ ನಂಬಿಕೆಯಿಟ್ಟು ಹಾಕಿದ.

ಅದೇ ಬಸವರಾಜ ಈ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದ. ಅಹ್ಮದಿಯ ಕಡೆ ಲಿಫ್ಟ್ ನೋಡಿಕೊಳ್ಳುವ ಇನ್ನೊಂದು ಕಂಪನಿ ಅವನನ್ನು ಸೂಪರ್‌ವೈಸರ್ ಎಂದು ಕರೆದಿತ್ತು. ಫಿಂಟಾಸ್‌ನಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ. ಮಗಳು ಚಿನ್ನು ಹುಟ್ಟಿದಾಗ ಇವನು ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಆಮೇಲೆ ಎರಡು ರಜೆಯಲ್ಲಿ ಅವಳನ್ನು ನೋಡಿದ್ದಾನೆ, ಅಷ್ಟೆ. "ನೆಟ್ ನಿಂತ್ರ ಅಕಿ 'ಅವ್ವಾ, ಅಪ್ಪ ಹ್ಯಾಂಗ್ ಆದ' ಅಂತಾಳ್ರಿ. ನಾನು ಮಾತಾಡದ ಸುಮ್ನ ಕುಂತ್ರೂ ಹಂಗ ಅಂತಾಳ" ಎಂದು ನಕ್ಕ. ನಗು ಪೂರ್ತಿ ಮುಗಿಯಲಿಲ್ಲ. ಫೈಲಿನಿಂದ ನನ್ನ ಅರ್ಧ ಪುಟದ ವಾಕ್ಯವಿದ್ದ ಕಾಂಟ್ರಾಕ್ಟನ್ನು ತೆಗೆದು ಮೇಜಿನ ಮೇಲಿಟ್ಟ. "ಐದು ವರ್ಷ ಎಲ್ಲೂ ಹೋಗಂಗಿಲ್ಲ ಅಂತ ಐತಲ್ರಿ. ಹೋದ್ರ ಕೇಸ್ ಹಾಕ್ತಾರ, ಊರಿಗೂ ಬಿಡೂದಿಲ್ಲ ಅಂತ ರೂಮಿನ್ಯಾಗ ಹೇಳ್ತಾರ. ಐದು ವರ್ಷಕ್ಕ ನನ್ನ ಮಗಳು ಹನ್ನೊಂದು ಆಗ್ತಾಳ್ರಿ ಶೆಟ್ಟರ. ಇದು ನಿಜವಾಗ್ಲೂ ನಡೀತೈತೇನ್ರಿ? ನೀವು ಹೇಳಿದಂಗ ಮಾಡ್ತೀನಿ."

ಕನ್ನಡಕ ಇಳಿಸಿದೆ. "ಹ್ಞೂಂ" ಎಂದೆ. ಎರಡನೆಯ "ಹ್ಞೂಂ" ಬರಲಿಲ್ಲ. ಒಂದು ವಾರ ಟೈಮ್ ಕೊಡು ಎಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ವಾರಿಜಳಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಓಹಾಯೋ ಸಮೇತ. ಅವಳು ಬೈಯಲಿಲ್ಲ. ಚಹಾದ ಲೋಟ ಎತ್ತುತ್ತಾ, "ಗಂಟು ಹಾಕಿದ್ದು ನೀವಲ್ಲವಾ? ಬಿಚ್ಚುವುದೂ ನೀವೇ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಆ ವಾರ ಊಟದ ಬಿಡುವಿನಲ್ಲೆಲ್ಲ ನಾನು ದೇಶದೇಶದ ಕಾನೂನು ವಿಚಾರಿಸಿದೆ. ಮಂಗಳೂರಿನಲ್ಲಿ ನಿಜವಾದ ವಕೀಲನಾಗಿರುವ ವಾರಿಜಳ ತಮ್ಮನಿಗೆ ಫೋನ್ ಮಾಡಿದರೆ, "ಭಾವ, ನಮ್ಮಲ್ಲಿ ಕೆಲಸ ಬಿಟ್ಟ ಮೇಲೆ ಅಂಥ ಷರತ್ತು ನಿಲ್ಲುವುದಿಲ್ಲ. ದುಡಿದು ತಿನ್ನುವವನ ಕೈ ಕಟ್ಟಲು ಬರುವುದಿಲ್ಲ" ಎಂದ. ಹಾಡಿ ಕುಣಿಯುವಷ್ಟು ಖುಷಿಯಾಯಿತು. ದುಬೈಯಲ್ಲಿರುವ ಸಹಪಾಠಿ, "ಇಲ್ಲಿ ನಿಲ್ಲುತ್ತದೆ ಮಾರಾಯ, ಆದರೆ ಮಿತಿ ಉಂಟು" ಎಂದು ಅದನ್ನು ಇಳಿಸಿದ. ಅಮೆರಿಕದಲ್ಲಿರುವ ಅಕ್ಕನ ಮಗ, "ಮಾವ, ಇಲ್ಲಿ ರಾಜ್ಯಕ್ಕೊಂದು ನ್ಯಾಯ. ಕ್ಯಾಲಿಫೋರ್ನಿಯಾದಲ್ಲಿ ಕಿಮ್ಮತ್ತಿಲ್ಲ, ಬೇರೆ ಕಡೆ ಇದೆ. ಓಹಾಯೋದಲ್ಲಿ ಷರತ್ತು ನ್ಯಾಯವಾಗಿದ್ದರೆ ಕೋರ್ಟು ಒಪ್ಪುತ್ತದೆ" ಎಂದು ವಿವರಿಸಿ, ಸ್ವಲ್ಪ ಗಾಬರಿಯಿಂದ, "ಯಾಕೆ, ನೀವು ಓಹಾಯೋಗೆ ಬರುತ್ತಿದ್ದೀರಾ?" ಎಂದು ಕೇಳಿದ. ಹೀಗೆ ವಾರ ಕಳೆಯುವಷ್ಟರಲ್ಲಿ ಬಸವರಾಜ ಮಂಗಳೂರಿನಲ್ಲಿ ಸ್ವತಂತ್ರನಾಗಿದ್ದ, ದುಬೈಯಲ್ಲಿ ಅರ್ಧ ಸ್ವತಂತ್ರನಾಗಿದ್ದ. ಅವನು ನಿಜವಾಗಿ ಇದ್ದ ಕುವೈತಿನಲ್ಲಿ ಏನಾಗಿದ್ದಾನೆಂದು ಮಾತ್ರ ತಿಳಿಯಲಿಲ್ಲ.

ಕೊನೆಗೆ ಕಂಪನಿಯ ವಕೀಲರ ಕಾಲನ್ನೇ ಹಿಡಿದೆ. ನಾವು ಉಸ್ತಾದ್ ಎಂದು ಕರೆಯುವ ಈಜಿಪ್ಟಿನ ಹಿರಿಯರು, ಭಾನುವಾರ ಆಫೀಸಿಗೆ ಬರುತ್ತಾರೆ. ಷರತ್ತನ್ನು ಓದುತ್ತಾ ಓದುತ್ತಾ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಇದನ್ನು ಬರೆದ ವಕೀಲ ಯಾರು?" ಎಂದರು. "ಹೊರಗಿನವರು ಒಬ್ಬರು, ಉಸ್ತಾದ್." "ಅವನಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳು." ಹೇಳುತ್ತೇನೆ ಎಂದೆ. ಆಮೇಲೆ ಅವರು ಮೂರು ಬೆರಳು ಎತ್ತಿ ತಾಳ್ಮೆಯಿಂದ ತಿಳಿಸಿದರು: ಎಷ್ಟು ಕಾಲ, ಎಷ್ಟು ಜಾಗ, ಯಾವ ಕೆಲಸ. ಮೂರಕ್ಕೂ ಹದವಾದ ಎಲ್ಲೆ ಇರಬೇಕು. ಕಂಪನಿಯ ಗುಟ್ಟೋ ಗಿರಾಕಿಗಳ ಒಳವಿಚಾರವೋ ಅವನ ಕೈಯಲ್ಲಿರಬೇಕು. "ನಿಮ್ಮ ಹುಡುಗನಿಗೆ ಯಾವ ಗುಟ್ಟು ಗೊತ್ತು? ಲಿಫ್ಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಇದನ್ನು ಹಿಡಿದು ನಾನಂತೂ ಕೋರ್ಟಿಗೆ ಹೋಗುವುದಿಲ್ಲ." ನಾನು ಏಳುವಷ್ಟರಲ್ಲಿ, "ಆದರೆ ಕಾನೂನು ಬೇರೆ, ಕಾಲ ಬೇರೆ. ಬಾಬಾ ಒಪ್ಪಿದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೊಸ ಕಂಪನಿಯ ಹೆಸರಿಗೆ ಬದಲಾಗುವುದು ನಾಲ್ಕು ದಿನದ ಮಾತು. ತಕರಾರು ತೆಗೆದರೆ ತಿಂಗಳುಗಟ್ಟಲೆ. ಹೊಸ ಕಂಪನಿ ಅಲ್ಲಿಯವರೆಗೆ ಕಾಯುತ್ತದೆಯೇ?" ಎಂದರು.

ಹೊಸ ಕಂಪನಿ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಿತ್ತು. ಹಾಗಾಗಿ ಮರುದಿನವೇ ಬಸವರಾಜನನ್ನು ಕರೆದುಕೊಂಡು ಬಾಬಾ ಕೋಣೆಗೆ ಹೋದೆ. ಬಾಬಾ ರಾಜೀನಾಮೆ ಓದಿ ಮುಖ ಬಿಗಿ ಮಾಡಿದರು. "ನಮ್ಮಲ್ಲಿ ಷರತ್ತು ಇದೆಯಲ್ಲ, ಶೆಟ್ಟಿ?" ಎಂದರು. ಇಲ್ಲಿಯೂ ಒಂದು ಪಾಯಿಂಟ್ ಉಂಟು ಎನ್ನಬಹುದಿತ್ತು. ಪಕ್ಕದಲ್ಲಿ ಬಸವರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶಾಲೆಯ ಮಗುವಿನ ಹಾಗೆ ಕೈಕಟ್ಟಿ ನಿಂತಿದ್ದ. "ಬಾಬಾ, ಆ ಷರತ್ತು ಬರೆದವನು ನಾನೇ. ಇಂಟರ್‌ನೆಟ್ಟಿನಿಂದ ಕದ್ದದ್ದು. ನನಗೆ ಕಾನೂನು ಗೊತ್ತಿಲ್ಲ" ಎಂದೆ. ಇಂಗ್ಲಿಷಿನಲ್ಲಿ ನಾನು "ಗೊತ್ತಿಲ್ಲ" ಎಂದದ್ದು ಅದೇ ಮೊದಲು. ಅಂದುಕೊಂಡಷ್ಟು ಕಷ್ಟವಿರಲಿಲ್ಲ.

ಬಾಬಾ ರಾಜೀನಾಮೆಯನ್ನು ಮೇಜಿನ ಮೇಲಿಟ್ಟರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ನನ್ನನ್ನು ಬಿಟ್ಟು ಬಸವರಾಜನತ್ತ ತಿರುಗಿ, "ಯಾಕೆ ಹೋಗುತ್ತೀ? ಇಲ್ಲಿ ಏನು ಕಡಿಮೆಯಾಯಿತು?" ಎಂದು ಕೇಳಿದರು. ಬಸವರಾಜ ಬಾಬಾಗೂ ಅಷ್ಟಿಷ್ಟು ತಿಳಿಯುವ ತನ್ನ ಹಿಂದಿಯಲ್ಲಿ, "ಕಡಿಮೆ ಏನೂ ಇಲ್ಲ ಬಾಬಾ. ಮಗಳು ಮೊಬೈಲಿನಲ್ಲೇ ದೊಡ್ಡವಳಾಗುತ್ತಿದ್ದಾಳೆ" ಎಂದ. ಬಾಬಾ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ನನ್ನ ತಾಯಿಯ ಮನೆಯ ಲಿಫ್ಟು ಬೇರೆಯವರು ಮುಟ್ಟಿದರೆ ಅವರಿಗೆ ಆಗುವುದಿಲ್ಲ. ಅದು ನಿಂತು ಅವರು ಒಳಗೆ ಸಿಕ್ಕಿಕೊಂಡ ದಿನ ನೀನು ಹೊರಗಿನಿಂದ ಮಾತಾಡುತ್ತಲೇ ಇದ್ದೆಯಂತೆ. ಯಾವ ಭಾಷೆಯೋ ಅರ್ಥವಾಗಲಿಲ್ಲ, ಆದರೆ ಹೆದರಿಕೆ ಹೋಯಿತು ಎನ್ನುತ್ತಾರೆ. ಅವರಿಗೆ ನಾನೇನು ಹೇಳಲಿ?" ಬಸವರಾಜ ತಲೆ ಎತ್ತಿ, "ಶುಕ್ರವಾರ ರಜೆ ಇರುತ್ತದೆ ಬಾಬಾ, ನಾನೇ ಬಂದು ನೋಡುತ್ತೇನೆ. ಅಜ್ಜಿಗೆ ಹೇಳಿ" ಎಂದ. ಬಾಬಾ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ, "ಖಲಾಸ್. ಮಗಳು ಬಂದ ಮೇಲೆ ಕರೆದುಕೊಂಡು ಬಾ" ಎಂದರು. ನನಗೆ ಮಾತ್ರ, "ಶೆಟ್ಟಿ, ನೀನು ಇನ್ನು ಟೈಪ್ ಮಾಡು. ಬರೆಯಬೇಡ" ಎಂದರು. ಇಷ್ಟು ಕಡಿಮೆ ಶಿಕ್ಷೆಗೆ ಕಣ್ಣು ತುಂಬಿ ಬಂತು.

ಎರಡು ತಿಂಗಳಲ್ಲಿ ಬಸವರಾಜನ ಹೆಂಡತಿ ಸಾವಿತ್ರಿ ಮತ್ತು ಚಿನ್ನು ಬಂದಿಳಿದರು. ಅವರನ್ನು ನೋಡಲು ನಾವು ಫಿಂಟಾಸ್‌ಗೆ ಹೋದಾಗ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಾ ಸಾವಿತ್ರಿ ಒಂದು ಸಂಗತಿ ಹೇಳಿದಳು. ಬಂದ ದಿನ ಮಗು ಅಪ್ಪನ ಹತ್ತಿರವೇ ಸುಳಿಯಲಿಲ್ಲವಂತೆ. ಸೋಫಾದ ಹಿಂದೆ ಅಡಗಿ ಕೂತಿತಂತೆ. ಬಸವರಾಜ ಅಡುಗೆಮನೆಗೆ ಹೋಗಿ ಅಲ್ಲಿಂದ ಫೋನ್ ಮಾಡಿದನಂತೆ. ಫೋನಿನಲ್ಲಾದರೆ ಅವಳು ವಿಮಾನದ ಕಥೆಯೆಲ್ಲ ಹೇಳಿದಳು. ಎರಡು ದಿನ ಹೀಗೇ ನಡೆಯಿತು, ಅಪ್ಪ ಅಡುಗೆಮನೆಯಲ್ಲಿ, ಮಗಳು ಹೊರಕೋಣೆಯಲ್ಲಿ. ಮೂರನೆಯ ದಿನ ಚಿನ್ನು ಫೋನು ಕಿವಿಗೆ ಹಿಡಿದೇ ನಡೆದುಕೊಂಡು ಹೋಗಿ, ಅವನ ಕೆನ್ನೆ ಮುಟ್ಟಿ ನೋಡಿ, "ಅವ್ವಾ, ಗಡ್ಡ ಚುಚ್ಚತೈತಿ" ಎಂದು ಕೂಗಿದಳಂತೆ. ಬಸವರಾಜ ಇದನ್ನು ಕೇಳಿಸಿಕೊಳ್ಳಲಾರದೆ ನೀರು ತರುತ್ತೇನೆಂದು ಒಳಗೆ ಹೋದ. ನೀರು ಮೇಜಿನ ಮೇಲೆಯೇ ಇತ್ತು.

ಇತ್ತ ಆಫೀಸಿನಲ್ಲಿ ಉಸ್ತಾದ್ ಹೊಸ ಷರತ್ತು ಬರೆದರು. ನಾಲ್ಕೇ ಸಾಲು: ಆರು ತಿಂಗಳು, ಕುವೈತಿನೊಳಗೆ, ಇಂಥಿಂಥ ಕೆಲಸ. ಸಹಿ ಹಾಕಬೇಕಾದವರ ಪಟ್ಟಿಯನ್ನು ನಾನೇ ಟೈಪ್ ಮಾಡಿದೆ: ಸೇಲ್ಸಿನವರು, ಇಂಜಿನಿಯರುಗಳು, ಗಿರಾಕಿಗಳ ಫೈಲು ನೋಡುವ ಹುಡುಗಿ. ನನ್ನ ಹೆಸರಿರಲಿಲ್ಲ. ಬಿಟ್ಟುಹೋಗಿರಬೇಕೆಂದು ಕೇಳಿದರೆ ಉಸ್ತಾದ್ ಮೃದುವಾಗಿ, "ಇದು ಎದುರಾಳಿಗೆ ಬೇಕಾಗುವಂಥವರಿಗೆ ಮಾತ್ರ" ಎಂದರು. ಮನೆಗೆ ಬಂದು ಹೇಳಿದರೆ ವಾರಿಜ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ಅನ್ನ ಸೇರಲಿಲ್ಲ. ಮರುವಾರ ಹೋಗಿ ಉಸ್ತಾದರನ್ನು ಕಾಡಿ ಬೇಡಿ, ಪಟ್ಟಿಯ ಕೆಳಗೆ ಕೈಬರಹದಲ್ಲಿ ನನ್ನ ಹೆಸರು ಸೇರಿಸಿಕೊಂಡು ಸಹಿ ಹಾಕಿದೆ. ಈಗ ಕಾನೂನುಬದ್ಧವಾಗಿ, ಕೆಲಸ ಬಿಟ್ಟ ಆರು ತಿಂಗಳು ಕುವೈತಿನ ಯಾವ ಲಿಫ್ಟ್ ಕಂಪನಿಯೂ ನನ್ನನ್ನು ಸೇರಿಸಿಕೊಳ್ಳುವಂತಿಲ್ಲ. ಯಾರಾದರೂ ಕರೆದರೆ ಹೀಗೆ ಹೇಳಿ ಕಳಿಸಬೇಕೆಂದು ಕಾದಿದ್ದೇನೆ. ಇನ್ನೂ ಯಾರೂ ಕರೆದಿಲ್ಲ.